ಮೋಟರ್, ಕಂಬಿ, ಹಗ್ಗ: ಗ್ಯಾರೇಜಿನ ಗಾಲ್ಫ್ ಪರದೆಗೆ ನಾನು ನೋಡಿದ ಮೂರು ದಾರಿ

ನಮ್ಮ ಗ್ಯಾರೇಜಿನಲ್ಲಿ ರಾತ್ರಿ 9ಕ್ಕೆ ಕಾರು ನಿಲ್ಲಬೇಕು. ನಮ್ಮ ಮನೆಯವಳು ಕ್ಲಿನಿಕ್ ಮುಗಿಸಿ ಬರುವ ಹೊತ್ತು ಅದು. ಅದಕ್ಕೆ ಮುಂಚಿನ ಒಂದೂವರೆ ಗಂಟೆ ಆ ಜಾಗ ನನ್ನದು ಮತ್ತು ಮಗಳದ್ದು. ಪರದೆ ಇಳಿಸಿ, ಮ್ಯಾಟ್ ಹಾಸಿ, ಪ್ರೊಜೆಕ್ಟರ್ ಹಚ್ಚಿ ಗಾಲ್ಫ್ ಆಡುತ್ತೇವೆ. ಪರದೆಯ ಮೇಲೆ ಗಾಲ್ಫ್ ಮೈದಾನದ ಚಿತ್ರ ಬೀಳುತ್ತದೆ, ನಿಜವಾದ ಚೆಂಡನ್ನೇ ಅದಕ್ಕೆ ಹೊಡೆಯುತ್ತೇವೆ. 8:50ಕ್ಕೆ ಎಲ್ಲಾ ಎತ್ತಿಡಬೇಕು. ಹಾಗಾಗಿ ಖಾಯಂ ಆಗಿ ಬಿಗಿಯುವ ಪರದೆ ನಮಗೆ ಆಗಲ್ಲ. ಎರಡು ಮಳೆಗಾಲದಲ್ಲಿ ಮೂರು ಥರದ್ದನ್ನು ಹಾಕಿ ನೋಡಿದೆ. ಒಂದು ಮೋಟರಿನಿಂದ ಸುತ್ತಿಕೊಳ್ಳುವುದು. ಇನ್ನೊಂದು ಕಂಬಿಯ ಮೇಲೆ ಪಕ್ಕಕ್ಕೆ ಸರಿಯುವುದು. ಮೂರನೆಯದು ಹಗ್ಗ ಜಗ್ಗಿ ಮೇಲಕ್ಕೆ ಎತ್ತುವುದು.

ಬೆಳಗಾವಿಯ ಮಳೆ ಗೊತ್ತಿದ್ದವರಿಗೆ ಮನೆಯೊಳಗೆ ಯಾಕೆ ಆಡ್ತೀವಿ ಅಂತ ಹೇಳಬೇಕಾಗಿಲ್ಲ. ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ಬಯಲಲ್ಲಿ ಆಟ ಅಂದರೆ ಬಿಡುವು ಸಿಕ್ಕಾಗ ಮಾತ್ರ. 2022ರ ಆಗಸ್ಟ್‌ನಲ್ಲಂತೂ ನಮ್ಮೂರ ಗಾಲ್ಫ್ ಮೈದಾನದ ಗಿಡಗಂಟಿಯಲ್ಲಿ ಚಿರತೆ ಸೇರಿಕೊಂಡಿತ್ತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆ ತರಿಸಿದರು. ಮನೆಯಲ್ಲೇ ಏನಾದರೂ ಮಾಡೋಣ ಅನ್ನುವ ಯೋಚನೆ ಆಗ ತಲೆಗೆ ಬಂತು.

ಮೊದಲು ಅಳತೆ. ಗ್ಯಾರೇಜ್ 22 ಅಡಿ ಉದ್ದ, 11 ಅಡಿ ಅಗಲ, ಸ್ಲ್ಯಾಬಿನ ತನಕ 10 ಅಡಿ ಎತ್ತರ. ಹಿಂದಿನ ಗೋಡೆಯಲ್ಲಿ ಅಡುಗೆಮನೆಗೆ ಹೋಗುವ ಬಾಗಿಲಿದೆ, ಅಲ್ಲೇ ಸ್ಕೂಟರ್ ನಿಲ್ಲುತ್ತದೆ. ಅದಕ್ಕೇ ಪರದೆಯನ್ನು ಗೋಡೆಯಿಂದ 3 ಅಡಿ ಈಚೆಗೆ ಇಳಿಬಿಟ್ಟೆ. ಪರದೆಯಿಂದ ಚೆಂಡಿಗೆ 10 ಅಡಿ. ಚೆಂಡಿನಿಂದ ಹಿಂದಕ್ಕೆ 7 ಅಡಿ ದೂರದಲ್ಲಿ ರಾಡಾರ್ ಲಾಂಚ್ ಮಾನಿಟರ್, ಅಂದರೆ ಚೆಂಡಿನ ವೇಗ, ದಿಕ್ಕು ಅಳೆಯುವ ಯಂತ್ರ. ಒಟ್ಟು 20 ಅಡಿ ಹೋಯಿತು. ಈ ರಾಡಾರ್ ಮಾನಿಟರಿಗೆ ಚೆಂಡು ಹಾರುವುದು ಸ್ವಲ್ಪ ದೂರವಾದರೂ ಕಾಣಬೇಕು, ಅದಕ್ಕೆ ಉದ್ದ ಬೇಕೇ ಬೇಕು. ನಿಮ್ಮ ಗ್ಯಾರೇಜ್ ಗಿಡ್ಡ ಇದ್ದರೆ ಚೆಂಡಿನ ಪಕ್ಕದಲ್ಲೇ ಇಡುವ ಕ್ಯಾಮೆರಾ ಮಾನಿಟರ್ ನೋಡಿ. ಎತ್ತರ ಅಳೆಯುವಾಗ ಸ್ಲ್ಯಾಬ್ ಅಳೆಯಬೇಡಿ, ಬೀಮ್ ಅಳೆಯಿರಿ. ನಮ್ಮಲ್ಲಿ ಬೀಮ್ 1 ಅಡಿ ಕೆಳಗೆ ಇಳಿದಿದೆ. ನಿಂತು ಡ್ರೈವರ್ (ದೂರ ಹೊಡೆಯುವ ಉದ್ದನೆಯ ಗಾಲ್ಫ್ ಕೋಲು) ನಿಧಾನಕ್ಕೆ ಎತ್ತಿ ನೋಡಿದ ಮೇಲೆಯೇ ಮ್ಯಾಟ್ ಎಲ್ಲಿ ಅಂತ ಗುರುತು ಹಾಕಿದೆ.

ಬಟ್ಟೆ ಮೂರಕ್ಕೂ ಒಂದೇ ಥರದ್ದು. ಇದಕ್ಕೆಂದೇ ಬರುವ ದಪ್ಪ ಪಾಲಿಯೆಸ್ಟರ್ ಇಂಪ್ಯಾಕ್ಟ್ ಬಟ್ಟೆ. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಬಿಳಿ ತಾಡಪತ್ರಿ ಕಟ್ಟಿ ನೋಡಿದ್ದೇನೆ. ಪ್ರತಿ ಹೊಡೆತಕ್ಕೂ ಪಟಾಕಿ ಸಿಡಿದಂಥ ಸದ್ದು, ಎರಡೇ ದಿನಕ್ಕೆ ಬಿಚ್ಚಿದೆ. ಗಾಲ್ಫ್ ಚೆಂಡು ನೋಡೋಕೆ ಚಿಕ್ಕದು, 42.67 ಮಿ.ಮೀ. ಅಡ್ಡಗಲ, ತೂಕ 46 ಗ್ರಾಂ ಒಳಗೆ. ಆದರೆ ಡ್ರೈವರಿನಿಂದ ಸರಿಯಾಗಿ ಹೊಡೆದರೆ ನನ್ನಂಥ ಸಾಧಾರಣ ಆಟಗಾರನ ಕೈಯಲ್ಲೂ ಗಂಟೆಗೆ 200 ಕಿ.ಮೀ. ವೇಗಕ್ಕೆ ಹೋಗುತ್ತದೆ. ಅದನ್ನು ತಡೆದು, ಕೆಳಗೆ ಬೀಳಿಸಿ, ವಾಪಸ್ ಎಸೆಯದೇ ಇರಬೇಕು. ಪರದೆಯ ಕೆಲಸ ಅದು. ಚಿತ್ರ ಆಮೇಲಿನ ಮಾತು.

ಮೋಟರಿನದ್ದು

ಮೊದಲು ಇದನ್ನೇ ಹಾಕಿಸಿದೆ. ಶಟರಿಗೆ ಹಾಕುವ ಥರದ್ದೇ ಟ್ಯೂಬ್ಯುಲರ್ ಮೋಟರ್, 4 ಇಂಚಿನ ಪೈಪಿನ ಒಳಗೆ ಕೂತಿರುತ್ತದೆ. ಪೈಪ್ ಮಾಡಿಕೊಟ್ಟವರು ಉದ್ಯಮಬಾಗದ ಒಬ್ಬ ಫ್ಯಾಬ್ರಿಕೇಶನ್ ಕಾಕಾ. ನಾನು 2 ಇಂಚಿನ ಪೈಪ್ ಸಾಕು ಅಂದೆ. "ಬ್ಯಾಡ್ರಿ ಸರ, ನಡಕ ಬಗ್ಗತೈತಿ. ಪೈಪ್ ಬಗ್ಗಿದ್ರ ಬಟ್ಟಿ ಸುಕ್ಕ ಬೀಳತೈತಿ" ಅಂದರು. ಅವರ ಮಾತು ಕೇಳಿದ್ದು ಒಳ್ಳೇದಾಯ್ತು. ರಸಮಟ್ಟ ಇಟ್ಟು ಕೂರಿಸಿದ ಮೇಲೆ ಪರದೆ ಗಾಜಿನ ಹಾಗೆ ನೇರ ನಿಂತಿತು. ಚಿತ್ರದ ವಿಷಯದಲ್ಲಿ ಮೂರರಲ್ಲಿ ಇದೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಗುಂಡಿ ಒತ್ತಿದರೆ 25 ಸೆಕೆಂಡಿನಲ್ಲಿ ಇಳಿಯುತ್ತದೆ. ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ, ಪ್ರೊಜೆಕ್ಟರ್ ಮತ್ತೆ ಸರಿ ಮಾಡುವ ಗೋಜಿಲ್ಲ.

ಆದರೆ ಮೊದಲ ವಾರವೇ ಹೆದರಿಕೆ ಆಗುವಂಥದ್ದು ನಡೆಯಿತು. ಬಟ್ಟೆ ನೆಟ್ಟಗೆ ನಿಲ್ಲಲಿ ಅಂತ ಕೆಳ ಅಂಚಿನಲ್ಲಿ ಕಬ್ಬಿಣದ ಸರಳು ಇರುತ್ತದೆ. ನಾನು 7 ಐರನ್ ಅನ್ನುವ ಕೋಲಿನಿಂದ ಹೊಡೆದ ಚೆಂಡು ಮೇಲೇಳಲಿಲ್ಲ, ನೆಲ ಸವರಿಕೊಂಡು ಹೋಗಿ ನೇರ ಆ ಸರಳಿಗೆ ತಾಗಿತು. ಟಣ್ ಅಂತ ಸದ್ದು ಬಂತು. ಚೆಂಡು ತಿರುಗಿ ಬಂದು ಮಗಳ ಮೊಣಕಾಲಿನ ಪಕ್ಕ ಹಾದು ಹಿಂದಿನ ಶಟರಿಗೆ ಬಡಿಯಿತು. ಅವಳು ನಿಂತಿದ್ದ ಜಾಗದಿಂದ ಒಂದು ಗೇಣು ಅಷ್ಟೇ ದೂರ. ಅವತ್ತೇ ಆಟ ನಿಲ್ಲಿಸಿದೆ. ಸರಳಿಗೆ ದಪ್ಪ ಫೋಮ್ ಸುತ್ತಿ, ಮುಂದೆ ಗಾದಿಯ ಸುರುಳಿ ಇಟ್ಟ ಮೇಲೆಯೇ ಮತ್ತೆ ಶುರು ಮಾಡಿದ್ದು. ನೀವು ಯಾವ ಪರದೆಯನ್ನೇ ಹಾಕಿ, ಚೆಂಡಿನ ದಾರಿಯಲ್ಲಿ ಗಟ್ಟಿ ವಸ್ತು ಏನಿದೆ ಅಂತ ಮೊದಲು ನೋಡಿ. ಮಕ್ಕಳನ್ನು ಆಡುವವರ ಹಿಂದೆ ನಿಲ್ಲಿಸಬೇಡಿ.

ಇನ್ನೊಂದು ಕರೆಂಟಿನ ಮಾತು. ಜುಲೈನ ಒಂದು ರಾತ್ರಿ 8:40ಕ್ಕೆ ಕರೆಂಟ್ ಹೋಯಿತು, ಪರದೆ ಕೆಳಗೇ ಉಳಿಯಿತು. ಗ್ಯಾರೇಜಿಗೆ ಇನ್ವರ್ಟರ್ ಲೈನ್ ಕೊಟ್ಟಿರಲಿಲ್ಲ. ಮನೆಯವಳು ಮಳೆಯಲ್ಲಿ ರಸ್ತೆ ಮೇಲೆ ಕಾರು ಬಿಟ್ಟು ಒಳಗೆ ಬಂದಳು. ಕೈಯಿಂದ ತಿರುಗಿಸುವ ಹಿಡಿ ಇರುವ ಮೋಟರ್ ಸಿಗುತ್ತದೆ, ತಗೊಳ್ಳೋದಾದರೆ ಅದನ್ನೇ ತಗೊಳ್ಳಿ. ಈ ಮೋಟರುಗಳು ಸುಮಾರು 4 ನಿಮಿಷ ಸತತ ಓಡಿದರೆ ಬಿಸಿಯಾಗಿ ತಾವೇ ನಿಂತುಬಿಡುತ್ತವೆ, ಆರಿದ ಮೇಲೆ ಮತ್ತೆ ನಡೆಯುತ್ತವೆ. ಮೇಲಿನ, ಕೆಳಗಿನ ನಿಲುಗಡೆ ಹೊಂದಿಸುವಾಗ ನನ್ನದು ಹೀಗೇ ನಿಂತಾಗ ಕೆಟ್ಟೇ ಹೋಯಿತು ಅಂದುಕೊಂಡಿದ್ದೆ.

ಇದೆಲ್ಲ ಸಹಿಸಬಹುದಿತ್ತು. ಸಹಿಸೋಕೆ ಆಗದ್ದು ಬೂಷ್ಟು. ನಮ್ಮ ಮಳೆಗಾಲದಲ್ಲಿ ಗ್ಯಾರೇಜಿನ ಗಾಳಿಯೇ ಹಸಿ. ಒದ್ದೆ ಕಾರು ಬಂದು ನಿಂತು ಆವಿ ಬಿಡುತ್ತದೆ. ಆ ಹಸಿಯಲ್ಲಿ ಇದ್ದ ಬಟ್ಟೆ ಬಿಗಿಯಾಗಿ ಸುತ್ತಿಕೊಂಡು ಮುಚ್ಚಿದ ಪೆಟ್ಟಿಗೆಯೊಳಗೆ ಕೂರುತ್ತದೆ. ಹತ್ತು ದಿನ ಊರಲ್ಲಿ ಇರಲಿಲ್ಲ. ಬಂದು ಇಳಿಸಿದರೆ ಮೇಲಿನ ಎರಡು ಅಡಿ ಪೂರ್ತಿ ಕರಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ. ಒರೆಸಿದೆ, ಸಾಬೂನು ಹಾಕಿ ಉಜ್ಜಿದೆ. ವಾಸನೆ ಹೋಯಿತು, ಚುಕ್ಕೆ ಹೋಗಲಿಲ್ಲ. ಆಟದಲ್ಲಿ ಆಕಾಶ ಬರೋದು ಸರಿಯಾಗಿ ಅದೇ ಜಾಗಕ್ಕೆ.

ಕಂಬಿಯದ್ದು

ಹೊಸ ಬಟ್ಟೆ ತರಿಸಿ ಈ ಸಲ ಆಸ್ಪತ್ರೆಯಲ್ಲಿ ಮಂಚದ ಸುತ್ತ ಇರುವಂಥ ಕಂಬಿ ಹಾಕಿಸಿದೆ. ನೈಲಾನ್ ಗಾಲಿ, ಬಟ್ಟೆಯ ಮೇಲಂಚಿಗೆ ಐಲೆಟ್, ಒಂದು ಎಳೆತಕ್ಕೆ ಪಕ್ಕಕ್ಕೆ ಸರಿಯುತ್ತದೆ. ಹತ್ತೇ ಸೆಕೆಂಡಿನ ಕೆಲಸ. ಬಟ್ಟೆ ಬಿಟ್ಟು ಖರ್ಚು 6,500 ರೂಪಾಯಿ. ಮೋಟರಿಗೆ 38,000 ಆಗಿತ್ತು.

ಬಟ್ಟೆ ಸಡಿಲ ಇರುವುದರಿಂದ ಚೆಂಡು ಪೊತ್ ಅಂತ ಸತ್ತು ಬೀಳುತ್ತದೆ. ವಾಪಸ್ ಬರೋದೇ ಇಲ್ಲ. ಗಾಳಿ ಆಡುತ್ತದೆ, ಫ್ಯಾನ್ ಬಿಟ್ಟರೆ ಒಣಗುತ್ತದೆ, ಬೂಷ್ಟಿನ ಚಿಂತೆ ಇಲ್ಲ. ಆದರೆ ಚಿತ್ರ ನೀರಿನ ಮೇಲೆ ಬಿದ್ದ ಹಾಗೆ ಅಲೆಯಲೆ. ದೂರದ ಹೊಡೆತಕ್ಕೆ ನಡೆಯುತ್ತದೆ, ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಪಟ್ ಮಾಡುವಾಗ, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಯತ್ತ ಉರುಳಿಸುವಾಗ, ಯಾವ ಕಡೆ ಇಳಿಜಾರು ಅಂತ ಕಣ್ಣಿಗೆ ತಿಳಿಯಲ್ಲ. ಸರಿಸಿಟ್ಟ ಬಟ್ಟೆಯ ಗಂಟು ಒಂದು ಬದಿಗೆ ಒಂದಡಿ ಜಾಗ ತಿನ್ನುತ್ತದೆ, 11 ಅಡಿ ಅಗಲದಲ್ಲಿ ಕಾರಿನ ಬಾಗಿಲು ತೆಗೆಯುವಾಗ ಅದು ಗೊತ್ತಾಗುತ್ತದೆ.

ಸಡಿಲ ಬಟ್ಟೆ ಎಷ್ಟು ಹಿಂದಕ್ಕೆ ಹೋಗುತ್ತದೆ ಅಂತ ನಾನು ಲೆಕ್ಕ ಹಾಕಿರಲಿಲ್ಲ. ಬಿಗಿ ಪರದೆಯ ಹಿಂದೆ ಒಂದಡಿ ಬಿಟ್ಟರೆ ಸಾಕು, ಇದಕ್ಕೆ ಸಾಲದು. ಒಂದು ದಿನ ಸ್ಕೂಟರ್ ಹೊರಗೆ ಹಾಕಿರಲಿಲ್ಲ. ಚೆಂಡು ಬಟ್ಟೆಯನ್ನು ಎಳೆದುಕೊಂಡು ಹೋಗಿ ಸ್ಕೂಟರಿನ ಕನ್ನಡಿಗೆ ಒತ್ತಿತು. ಕನ್ನಡಿ ಒಡೆಯಿತು, ಎರಡರ ನಡುವೆ ಸಿಕ್ಕ ಬಟ್ಟೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ತಾಡಪತ್ರಿ ಹೊಲಿಯುವವರು ಹಿಂದಿನಿಂದ ತೇಪೆ ಹಾಕಿ ಕೊಟ್ಟರು, ಇವತ್ತಿಗೂ ಗಟ್ಟಿ ಇದೆ.

ಹಗ್ಗದ್ದು

ಇದು ನನ್ನ ಯೋಚನೆ ಅಲ್ಲ, ನಮ್ಮ ಅಪ್ಪನದ್ದು. ಕಂಬಿಯ ಮೇಲಿನ ಸುಕ್ಕು ನೋಡಿ, "ತಮ್ಮಾ, ನಾಟಕ ಕಂಪನಿಯವರು ಅರಮನಿ ಪರದೆ ಹೆಂಗ ಎತ್ತತಿದ್ರು ನೆನಪೈತೇನು? ಮೋಟರ್ ಇತ್ತೇನು ಅವರ ಕಡೆ?" ಅಂದರು. ಜಾತ್ರೆಯಲ್ಲಿ ನಾಟಕ ನೋಡಿ ಬೆಳೆದವರು ಅವರು. ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು.

ಬಟ್ಟೆಯ ಮೇಲಂಚು ಮೇಲೆ ಕಟ್ಟಿಗೆಯ ಪಟ್ಟಿಗೆ ಬಿಗಿದಿರುತ್ತದೆ. ಕೆಳಂಚು 3 ಇಂಚಿನ ಅಲ್ಯೂಮಿನಿಯಂ ಪೈಪಿಗೆ. ಪೈಪ್ ಬಟ್ಟೆಗಿಂತ ಎರಡೂ ಕಡೆ ಅರ್ಧ ಅಡಿ ಉದ್ದ. ಆ ತುದಿಗಳಿಗೆ ಹಗ್ಗ ಸುತ್ತಿ, ಮೇಲೆ ರಾಟೆ ದಾಟಿಸಿ ಪಕ್ಕದ ಗೋಡೆಗೆ ತರಬೇಕು. ಜಗ್ಗಿದರೆ ಹಗ್ಗ ಬಿಚ್ಚಿಕೊಳ್ಳುತ್ತದೆ, ಹಗ್ಗ ಬಿಚ್ಚಿಕೊಂಡ ಹಾಗೆ ಪೈಪ್ ಉರುಳುತ್ತಾ ಬಟ್ಟೆಯನ್ನು ಸುತ್ತಿಕೊಂಡು ಮೇಲೇರುತ್ತದೆ. ಮೊದಲು ಪಿವಿಸಿ ಪೈಪ್ ಹಾಕಿದ್ದೆ, ನಡುವೆ ಜೋತು ಬಿತ್ತು. ಮೊದಲ ಹಗ್ಗ ನೂಲಿನದ್ದು, ಕಿಟಕಿ ಕಡೆಯದು ಮಳೆಯ ಎರಚಲಿಗೆ ಬಿಗಿದುಕೊಂಡು ಪೈಪ್ ಓರೆಯಾಯಿತು. ಈಗ ಎರಡೂ ಪಾಲಿಯೆಸ್ಟರ್ ಹಗ್ಗ, ಕೊನೆಯಲ್ಲಿ ಒಂದೇ ಬಳೆಗೆ ಕಟ್ಟಿದೆ, ಸಮ ಎಳೆಯುತ್ತವೆ. ಖರ್ಚು 7,200.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಅನುಕೂಲ. ಬಟ್ಟೆಯನ್ನು ಒಂದಡಿ ಜಾಸ್ತಿ ಉದ್ದ ಬಿಟ್ಟಿದ್ದೇನೆ. ಹಗ್ಗ ಪೂರ್ತಿ ಬಿಟ್ಟರೆ ಪೈಪ್ ನೆಲಕ್ಕೆ ಕೂತು, ಗಾದಿಯ ಹಿಂದೆ ಮರೆಯಾಗಿ, ಬಟ್ಟೆ ಹೊಟ್ಟೆ ಬಿಟ್ಟು ಸಡಿಲವಾಗುತ್ತದೆ. ಡ್ರೈವರ್, ಐರನ್ ಹೊಡೆಯಲು ಅದು ಸರಿ. ಪಟ್ ಮಾಡುವಾಗ ಒಂದು ಗೇಣು ಜಗ್ಗಿ ಕಟ್ಟಿದರೆ ಬಟ್ಟೆ ನೇರ, ಚಿತ್ರ ಸ್ವಚ್ಛ. ಸಡಿಲ, ಬಿಗಿ ಎರಡೂ ಒಂದೇ ಪರದೆಯಲ್ಲಿ. ಮೋಟರಿನದ್ದರಲ್ಲಿ ಇದು ಸಿಗಲಿಲ್ಲ, ಕಂಬಿಯಲ್ಲಿ ಸಿಗೋದೇ ಇಲ್ಲ. ಸುರುಳಿಗೆ ಪೆಟ್ಟಿಗೆ ಇಲ್ಲ, ಗಾಳಿ ತಾಗುತ್ತದೆ. ಆದರೂ ಮಳೆಗಾಲದಲ್ಲಿ ಆಟ ಮುಗಿದ ಮೇಲೆ ಫ್ಯಾನ್ ಹಚ್ಚಿ ಆಮೇಲೆಯೇ ಸುತ್ತುತ್ತೇವೆ. ವಾರ ಎರಡು ವಾರ ಆಡದಿದ್ದರೂ ಭಾನುವಾರ ಒಮ್ಮೆ ಇಳಿಸಿಡುತ್ತೇವೆ.

ಕೊರತೆಯೂ ಇದೆ. ಸುರುಳಿ ಪ್ರತಿ ಸಲ ಒಂದಿಷ್ಟು ಹಿಂದೆ ಮುಂದೆ ನಿಲ್ಲುತ್ತದೆ, ಚಿತ್ರದ ಅಂಚು ಹೊಂದಲ್ಲ. ಪೈಪ್ ಎಲ್ಲಿಗೆ ಬರಬೇಕು ಅಂತ ಎರಡೂ ಗೋಡೆಗೆ ಗುರುತು ಹಾಕಿಕೊಂಡಿದ್ದೇವೆ. ವಯಸ್ಸಾದವರಿಗೆ, ಹೆಗಲು ನೋವಿದ್ದವರಿಗೆ ರೋಜು ಜಗ್ಗೋದು ಕಷ್ಟ.

ಅಂದ ಹಾಗೆ, ಪರದೆ ಬಗ್ಗೆ ಇಷ್ಟು ಬರೆದೆ, ಸಮಯ ಹಿಡಿಯೋದು ಪಕ್ಕದ ಬಲೆ. ಮೂರೂ ಪರದೆಗೆ ಎರಡು ಬದಿಗೂ ಬಲೆ ಬೇಕು, ಅದನ್ನು ತಂತಿ ಮೇಲೆ ಸರಿಸಿ ಕಟ್ಟೋಕೆ ನಮಗೆ ಎರಡು ನಿಮಿಷ ಆಗುತ್ತದೆ. ಬಿಡಬೇಡಿ, ಓರೆ ಹೋದ ಚೆಂಡಿಗೆ ಸಿಮೆಂಟ್ ಗೋಡೆ ಸಿಕ್ಕರೆ ಅದು ಎತ್ತ ಬೇಕಾದರೂ ತಿರುಗುತ್ತದೆ.

ನಮ್ಮ ಮನೆಗೆ ಹಗ್ಗದ್ದೇ ಉಳಿಯಿತು. ಮೋಟರ್ ಈಗ ಟಿಳಕವಾಡಿಯ ಗೆಳೆಯನ ಮನೆಯಲ್ಲಿದೆ. ಅವನದ್ದು ಮೊದಲ ಮಹಡಿಯ ಹಾಲ್, ಒಣ ಜಾಗ, ಇನ್ವರ್ಟರ್ ಇದೆ, ಕಾರು ಬರೋ ಪ್ರಶ್ನೆ ಇಲ್ಲ. ಹೊಸ ಬಟ್ಟೆ ಹಾಕಿಸಿಕೊಂಡಿದ್ದಾನೆ, ಅಲ್ಲಿ ಅದು ಬಹಳ ಚೆನ್ನಾಗಿ ನಡೆಯುತ್ತಿದೆ. ಕೊಡುವಾಗ ಕೆಳಗಿನ ಸರಳಿಗೆ ನಾನೇ ಹೊಸ ಫೋಮ್ ಸುತ್ತಿ, ಮೇಲೆ ಬಟ್ಟೆ ಹೊಲಿಸಿ ಕೊಟ್ಟೆ.