4 ಜಿಬಿ ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಎಫ್‌ಸಿಇ: ನಾಲ್ಕು ವರ್ಷದ ಬಳಕೆಯ ನಂತರ

2021ರ ಕೊನೆಯಲ್ಲಿ ನನ್ನ ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ 11 ಎಂಬ ಲಿನಕ್ಸ್ ಹಾಕಿದೆ. ಜೊತೆಗೆ ಬಂದದ್ದು ಎಕ್ಸ್‌ಎಫ್‌ಸಿಇ 4.16, ಅಂದರೆ ಪರದೆಯ ಮೇಲಿನ ಮೆನು, ಕಿಟಕಿಗಳನ್ನೆಲ್ಲ ನೋಡಿಕೊಳ್ಳುವ ಹಗುರವಾದ ಡೆಸ್ಕ್‌ಟಾಪ್. ಈಗ ಡೆಬಿಯನ್ 13, ಎಕ್ಸ್‌ಎಫ್‌ಸಿಇ 4.20. ಲ್ಯಾಪ್‌ಟಾಪ್ ಮಾತ್ರ ಅದೇ.

ಮೊದಲ ಎರಡು ತಿಂಗಳು ಮಾಡಿದ್ದು ಬರೀ ಅಲಂಕಾರ. ಕೆಳಗೊಂದು ಡಾಕ್ (ಆ್ಯಪ್ ಐಕಾನ್‌ಗಳ ಸಾಲು), ಮೇಲೊಂದು ಪ್ಯಾನೆಲ್ (ಮೆನು, ಗಡಿಯಾರ ಇರುವ ಪಟ್ಟಿ), ವಾರಕ್ಕೊಂದು ಐಕಾನ್ ಸೆಟ್. ಪರದೆ ಮದುವೆ ಚಪ್ಪರದ ಹಾಗೆ ಕಾಣುತ್ತಿತ್ತು. ಅದರಲ್ಲಿ ಇವತ್ತು ಒಂದೂ ಉಳಿದಿಲ್ಲ. ಈಗಿರುವುದು ಒಂದೇ ಪ್ಯಾನೆಲ್, ಅದೂ ಎಡಗಡೆ. 1366×768 ಪರದೆಯಲ್ಲಿ ಎತ್ತರಕ್ಕೇ ಬರ ಅಲ್ವಾ? ನೀವೂ ಹಾಗೆ ಮಾಡುವುದಾದರೆ ಪ್ಯಾನೆಲ್ ಮೋಡ್ 'ಡೆಸ್ಕ್‌ಬಾರ್' ಇರಲಿ. 'ವರ್ಟಿಕಲ್' ಇಟ್ಟರೆ ಅಕ್ಷರಗಳೆಲ್ಲ ಅಡ್ಡ ತಿರುಗುತ್ತವೆ, ಕತ್ತು ವಾಲಿಸಿ ಓದಬೇಕು.

ಥೀಮ್ ಹುಚ್ಚು ಬಿಡಿಸಿದ್ದು ನಮ್ಮ ಒತ್ತಕ್ಷರ. ಇಲ್ಲಿ ಟೈಟಲ್ ಬಾರ್, ಅಂದರೆ ಕಿಟಕಿಯ ತಲೆಯ ಮೇಲೆ ಹೆಸರು ಕಾಣುವ ಪಟ್ಟಿ, ಎಷ್ಟು ಎತ್ತರ ಎನ್ನುವುದು ಥೀಮಿನೊಳಗಿನ ಚಿತ್ರಗಳ ಮೇಲೆ ನಿಂತಿದೆ. ನಾನು ಇಳಿಸಿಕೊಂಡ ಒಂದು ತೆಳ್ಳನೆಯ ಥೀಮಿನಲ್ಲಿ ಕನ್ನಡ ಹೆಸರಿನ ಫೈಲ್ ತೆರೆದರೆ ಒತ್ತುಗಳ ಕಾಲು ಕತ್ತರಿಸಿ ಹೋಗಿರುತ್ತಿತ್ತು. ಕಿಟಕಿಯ ಅಂಚು ಬೇರೆ ಕೂದಲೆಳೆಯಷ್ಟು, ಮೌಸಿಗೆ ಸಿಗುವುದೇ ಇಲ್ಲ. ಆಲ್ಟ್ ಒತ್ತಿಕೊಂಡು ಬಲ ಗುಂಡಿಯಲ್ಲಿ ಎಳೆದರೆ ಕಿಟಕಿಯ ಗಾತ್ರ ಬದಲಾಗುತ್ತದೆ ಎಂದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು!

ನಿಜವಾಗಿ ಉಪಯೋಗಕ್ಕೆ ಬಂದದ್ದು ಥುನಾರ್ ಫೈಲ್ ಮ್ಯಾನೇಜರಿನ 'ಕಸ್ಟಮ್ ಆಕ್ಷನ್'. ಎಡಿಟ್ ಮೆನುವಿನಲ್ಲಿದೆ. ಒಂದು ಕಮಾಂಡ್ ಬರೆದು, ಅದು ಯಾವ ಬಗೆಯ ಫೈಲಿಗೆ ಕಾಣಿಸಬೇಕು ಎಂದು ಹೇಳಿದರೆ ಬಲ ಕ್ಲಿಕ್ ಮೆನುವಿಗೆ ಸೇರಿಕೊಳ್ಳುತ್ತದೆ. ಆನ್‌ಲೈನ್ ಅರ್ಜಿಗಳಿಗೆ ಫೋಟೋ 50 ಕೆಬಿ ಒಳಗಿರಬೇಕು ಅನ್ನುತ್ತಾರಲ್ಲ, ಅದಕ್ಕೆ ಚಿತ್ರದ ಗಾತ್ರ ಇಳಿಸಬಲ್ಲ ತಂತ್ರಾಂಶ ಇಮೇಜ್‌ಮ್ಯಾಜಿಕ್‌ನ ಒಂದು ಸಾಲು ಬರೆದಿಟ್ಟಿದ್ದೇನೆ. ಮನೆಯವರೆಲ್ಲ ಫೋಟೋ ನನಗೇ ಕಳಿಸುತ್ತಾರೆ. ಎಕ್ಸ್‌ಎಫ್‌ಸಿಇ 4.18ರಿಂದ ಥುನಾರಿನಲ್ಲಿ ಎಫ್3 ಒತ್ತಿದರೆ ಎರಡು ಫೋಲ್ಡರ್ ಅಕ್ಕಪಕ್ಕ ತೆರೆಯುತ್ತವೆ, ಅದೂ ದಿನಾ ಬೇಕು.

ಇನ್ನೊಂದು ಇಷ್ಟ: ಟೈಟಲ್ ಬಾರ್ ಮೇಲೆ ಮೌಸ್ ಚಕ್ರ ತಿರುಗಿಸಿದರೆ ಕಿಟಕಿ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ. ಆದರೆ ಕೆಲವು ಆ್ಯಪ್‌ಗಳು ಟೈಟಲ್ ಬಾರ್ ತಾವೇ ಬರೆದುಕೊಳ್ಳುತ್ತವೆ. ಅಲ್ಲಿ ಈ ಆಟ ನಡೆಯದು, ಥೀಮೂ ಅಂಟದು. ಐದಕ್ಕೆ ಒಂದು ಅಂಕ ಕಡಿಮೆ ಕೊಡುವುದು ಇದಕ್ಕೇ. ಪರದೆಗೆ ಕಿಟಕಿಗಳನ್ನು ಬರೆಯುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬೇಕೇ ಬೇಕು ಅನ್ನುವವರು ಬೇರೆ ಕಡೆ ನೋಡಿ, 4.20ರಲ್ಲಿ ಅದು ಇನ್ನೂ ಪ್ರಯೋಗದ ಹಂತ.

ಹೊಸ ಎಸ್‌ಎಸ್‌ಡಿ ಹಾಕಿದಾಗ ಹಳೆಯ ಸೆಟ್ಟಿಂಗ್‌ಗಳ ಫೋಲ್ಡರನ್ನು ಡೆಸ್ಕ್‌ಟಾಪ್ ತೆರೆದಿದ್ದಾಗಲೇ ನಕಲು ಮಾಡಿದೆ. ಲಾಗೌಟ್ ಆಗಿ ಬಂದರೆ ಹಳೆಯದು ಒಂದೂ ಇಲ್ಲ, ನಕಲು ಮಾಡುವ ಮೊದಲು ಇದ್ದಂತೆಯೇ! ಎಕ್ಸ್‌ಎಫ್‌ಸಿಇ ತನ್ನ ನೆನಪಿನಲ್ಲಿದ್ದ ಸೆಟ್ಟಿಂಗನ್ನೇ ಮತ್ತೆ ಬರೆದುಬಿಟ್ಟಿತ್ತು. ಎರಡನೇ ಸಲ ಮೊದಲೇ ಲಾಗೌಟ್ ಆಗಿ, ಕಮಾಂಡ್ ಟೈಪ್ ಮಾಡುವ ಕಪ್ಪು ಕನ್ಸೋಲಿನಲ್ಲಿ ನಕಲು ಮಾಡಿದೆ. ಎಡಗಡೆಯ ಪ್ಯಾನೆಲ್ ಹಾಗೇ ಬಂತು.