‘ಎಲ್ಲಾ ಒರಿಜಿನಲ್’ 1965ರ ಬೇಸ್‌ಮ್ಯಾನ್ ಹೆಡ್: ಚಾಸಿ ಬಿಚ್ಚಿ ತೋರಿಸದಿದ್ದರೆ ಒಂದು ಪೈಸೆಯನ್ನೂ ಕೊಡಬೇಡಿ

ಹಳೇ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಇರುವ ಬೇಸ್ ಗಿಟಾರ್ ಆಂಪ್ ಕೊಳ್ಳಲು ಹೊರಟವರು, ಅದರಲ್ಲೂ ಫೆಂಡರ್ ಕಂಪನಿಯ ಬ್ಲಾಕ್‌ಫೇಸ್ (ಕಪ್ಪು ಪ್ಯಾನೆಲ್‌ನ ಹಳೇ ಮಾದರಿ) ಬೇಸ್‌ಮ್ಯಾನ್ ಹೆಡ್, ಅಂದರೆ ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ, ಹುಡುಕುತ್ತಿರುವವರು, ಅಡ್ವಾನ್ಸ್ ಕಳಿಸುವ ಮೊದಲು ಇದನ್ನು ಓದಿ. ಪಾಟ್‌ಗಳ (ವಾಲ್ಯೂಮ್, ಟೋನ್ ಗುಂಡಿಗಳ ಹಿಂದಿನ ಭಾಗ) ಮೇಲಿನ ತಯಾರಿಕೆ ಕೋಡ್ ಓದಲು ಬಲ್ಲವನೇ ಮೋಸ ಹೋದೆ ಅಂತ ಬರೆಯಲು ನಾಚಿಕೆಯಾಗುತ್ತದೆ. ಆದರೆ ಸುಮ್ಮನಿದ್ದರೆ ನನಗೆ ಮಾರಿದ ಆ ಮನುಷ್ಯ ಇನ್ನೊಬ್ಬರಿಗೂ ಇದನ್ನೇ ಮಾಡುತ್ತಾನೆ. ಈಗಾಗಲೇ ಶುರು ಮಾಡಿದ್ದಾನೆ ಕೂಡ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: 1965ರ ಬ್ಲಾಕ್‌ಫೇಸ್ ಬೇಸ್‌ಮ್ಯಾನ್ ಹೆಡ್, ಜೊತೆಗೆ ಅದೇ ಕಾಲದ ಎರಡು 12 ಇಂಚಿನ ಆಕ್ಸ್‌ಫರ್ಡ್ ಸ್ಪೀಕರ್ ಇರುವ ಕ್ಯಾಬಿನೆಟ್. ಫಿಲ್ಟರ್ ಕೆಪ್ಯಾಸಿಟರ್ ಮತ್ತು ವಾಲ್ವ್ ಬಿಟ್ಟು ಎಲ್ಲಾ ಒರಿಜಿನಲ್. ವಾಲ್ವ್‌ಗಳು ಕೂಡ ಬಳಸದೆ ಇಟ್ಟಿದ್ದ ಹಳೇ ದಾಸ್ತಾನಿನವು, ಪವರ್‌ಗೆ ಆರ್‌ಸಿಎ 6ಎಲ್6ಜಿಸಿ ಮ್ಯಾಚ್ಡ್ ಪೇರ್ (ಒಂದಕ್ಕೊಂದು ಅಳತೆ ಹೊಂದುವ ಜೋಡಿ), ಪ್ರೀಆಂಪ್‌ಗೆ ಮುಲ್ಲಾರ್ಡ್ ಇಸಿಸಿ83.

ಬಂದದ್ದು ಏನು ಗೊತ್ತಾ? 1965ರ ಪೆಟ್ಟಿಗೆಯೊಳಗೆ ಸಿಲ್ವರ್‌ಫೇಸ್ (ಬ್ಲಾಕ್‌ಫೇಸ್ ನಂತರ ಬಂದ, ಬೆಳ್ಳಿ ಬಣ್ಣದ ಪ್ಯಾನೆಲ್‌ನ ಮಾದರಿ) ಚಾಸಿ, ಅಂದರೆ ಸರ್ಕ್ಯೂಟ್ ಕೂತಿರುವ ಲೋಹದ ತಟ್ಟೆ. ಯಾವುದೋ ಸಣ್ಣ ಆಂಪ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ಪವರ್ ವಾಲ್ವ್‌ಗಳನ್ನು ಸ್ಪೀಕರ್‌ಗೆ ಹೊಂದಿಸುವ ಭಾಗ). ಕೋನ್ ಬದಲಿಸಿದ, ಒಂದಕ್ಕೊಂದು ಹೊಂದದ ಎರಡು ಸ್ಪೀಕರ್. ಹೆಸರು ಅಚ್ಚು ಹೊಡೆದ ಹೊಸ ವಾಲ್ವ್. ಒಂದು ಮಾತಾದರೂ ನಿಜ ಇರಬೇಡವೇ?

ಚಿತ್ರಗಳಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಕಪ್ಪು ಪ್ಯಾನೆಲ್, ಕಪ್ಪು ಟೋಲೆಕ್ಸ್ (ಪೆಟ್ಟಿಗೆಯ ವಿನೈಲ್ ಹೊದಿಕೆ). ಒಳಗೆ ಅಂಟಿಸಿದ ಟ್ಯೂಬ್ ಚಾರ್ಟ್‌ನ (ಯಾವ ವಾಲ್ವ್ ಎಲ್ಲಿ ಅಂತ ತೋರಿಸುವ ಕಾಗದ) ಹತ್ತಿರದ ಚಿತ್ರ, ಅದರ ಮೇಲೆ ‘ಓಇ’ ಅಂತ ಎರಡಕ್ಷರದ ಮುದ್ರೆ. ಆ ಕಾಲದ ಫೆಂಡರ್ ಚಾರ್ಟ್‌ನಲ್ಲಿ ಮೊದಲ ಅಕ್ಷರ ವರ್ಷ, ಎರಡನೆಯದು ತಿಂಗಳು. ‘ಎ’ ಅಂದರೆ 1951, ಹಾಗೇ ಎಣಿಸುತ್ತಾ ಹೋದರೆ ‘ಓ’ 1965, ‘ಇ’ ಮೇ ತಿಂಗಳು. ಲೆಕ್ಕ ಕೂಡಿಬಂತು. ಅಲ್ಲೇ ಎಡವಿದ್ದು. ಚಾರ್ಟ್ ಅಂಟಿರುವುದು ಮರದ ಪೆಟ್ಟಿಗೆಗೆ, ಚಾಸಿಗೆ ಅಲ್ಲ. ಹಳೇ ಚಾರ್ಟ್‌ನ ನಕಲು ಪ್ರತಿಗಳೂ ಮಾರಾಟಕ್ಕೆ ಸಿಗುತ್ತವೆ, ಕಪ್ಪು ಪ್ಯಾನೆಲ್‌ನ ನಕಲೂ ಸಿಗುತ್ತದೆ. ಚಾರ್ಟ್ ನೋಡಿ ಆಂಪ್‌ನ ವಯಸ್ಸು ಹೇಳುವುದು ಲಕೋಟೆ ನೋಡಿ ಕಾಗದದಲ್ಲಿ ಏನಿದೆ ಅಂತ ಹೇಳಿದ ಹಾಗೆ.

ಚಾಸಿಯ ಒಳಗಿನ ಚಿತ್ರ ಕೇಳಿದ್ದೆ. ಮೂರು ಸಲ ಕೇಳಿದ್ದೆ. ಬಂದ ಉತ್ತರ: “ಸರ್, ಅದನ್ನ ಇಲ್ಲಿವರೆಗೂ ಯಾರೂ ಬಿಚ್ಚಿಲ್ಲ. ಬಿಚ್ಚಿದ್ರೆ ಅದರ ಬೆಲೆ ಹೋಗುತ್ತೆ. ನಂಬಿಕೆ ಇಲ್ಲಾಂದ್ರೆ ಬಿಡಿ, ಇನ್ನಿಬ್ಬರು ಕಾಯ್ತಾ ಇದಾರೆ.”

ಇದನ್ನು ಓದಿದ ತಕ್ಷಣ ಎದ್ದು ಬರಬೇಕಿತ್ತು. ಯಾರೂ ಬಿಚ್ಚಿಲ್ಲ ಅನ್ನುವ ಆಂಪ್‌ನಲ್ಲಿ ಫಿಲ್ಟರ್ ಕೆಪ್ಯಾಸಿಟರ್ ಬದಲಾದದ್ದು ಹೇಗೆ? ಅವು ಇರುವುದು ವಾಲ್ವ್ ಪಕ್ಕದ ತಗಡಿನ ಮುಚ್ಚಳದ ಕೆಳಗೆ ಸರಿ, ಆದರೆ ಬಯಸ್ ಸಪ್ಲೈನ (ಪವರ್ ವಾಲ್ವ್‌ನ ಕರೆಂಟ್ ಹತೋಟಿಯಲ್ಲಿಡುವ ವೋಲ್ಟೇಜ್ ಕೊಡುವ ಭಾಗ) ಕೆಪ್ಯಾಸಿಟರ್ ಚಾಸಿಯ ಒಳಗೆ ಇರುತ್ತದೆ. ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ಬದಲಿಸಿದ್ದರೆ ಅದು ಅರ್ಧ ಕೆಲಸ. ಬದಲಿಸಿದ್ದರೆ ಬಿಚ್ಚಿಲ್ಲ ಅನ್ನುವುದು ಸುಳ್ಳು. ಎರಡರಲ್ಲಿ ಒಂದು ಆಗಲೇಬೇಕು. ಆಸೆ ಕಣ್ಣು ಕಟ್ಟಿತು, ದುಡ್ಡು ಹೋಯಿತು.

ಪೆಟ್ಟಿಗೆಯ ಮೇಲಿನ ಬೋಲ್ಟ್ ತೆಗೆದರೆ ಚಾಸಿ ಕೈಗೆ ಬರುತ್ತದೆ. ಬಿಚ್ಚುವವರಿಗೆ ಒಂದು ಮಾತು: ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರ್‌ಗಳಲ್ಲಿ 400 ವೋಲ್ಟ್‌ಗೂ ಮೀರಿ ಉಳಿದಿರಬಹುದು, ಪ್ರಾಣ ಹೋಗುತ್ತದೆ. 10 ಕಿಲೋಓಮ್, 10 ವಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಇಟ್ಟು ಸೊನ್ನೆಯ ಹತ್ತಿರ ಬಂದಿದೆ ಅಂತ ನೋಡಿ, ಆಮೇಲೆಯೇ ಕೈ ಹಾಕಿ. ಒಂದೇ ಕೈ ಬಳಸಿ, ಇನ್ನೊಂದು ಕೈ ಚಾಸಿಯಿಂದ ದೂರ ಇರಲಿ.

ಟಾರ್ಚ್ ಹಿಡಿದು ಮೊದಲು ನೋಡಿದ್ದು ಪಾಟ್‌ಗಳ ಬೆನ್ನು. ಬೇಸ್‌ಮ್ಯಾನ್‌ನಲ್ಲಿ ಆರು ಪಾಟ್: ಎರಡು ಚಾನೆಲ್, ಒಂದೊಂದರಲ್ಲಿ ವಾಲ್ಯೂಮ್, ಟ್ರೆಬಲ್, ಬೇಸ್. ಮೊದಲನೆಯದರ ಮೇಲಿನ ಧೂಳು ಒರೆಸಿದಾಗ ಕಂಡದ್ದು 1376849. ಮೊದಲ ಮೂರಂಕಿ ತಯಾರಕರದ್ದು, 137 ಅಂದರೆ ಸಿಟಿಎಸ್. ಮುಂದಿನ 68 ವರ್ಷ. ಕೊನೆಯ 49 ವಾರ. 1968ರ ಡಿಸೆಂಬರ್! ಒಂದು ಪಾಟ್ ಕೆಟ್ಟು ಬದಲಿಸಿರಬಹುದು ಅಂದುಕೊಂಡು ಎರಡನೆಯದನ್ನು ಒರೆಸಿದೆ. 1376849. ಮೂರನೆಯದು, 1376849. ಆರಕ್ಕೆ ಆರೂ ಅದೇ ವಾರದವು. ಎಲ್ಲದರ ಬೆಸುಗೆಯೂ ಮಂಕಾದ, ಕಾರ್ಖಾನೆಯ ಹಳೇ ಬೆಸುಗೆ, ಯಾರೂ ಮುಟ್ಟಿಲ್ಲ. ಬಿಡಿಭಾಗ ಆಂಪ್‌ಗಿಂತ ಕೆಲವು ತಿಂಗಳು ಹಳೆಯದಿರಬಹುದು, ಆಂಪ್‌ಗಿಂತ ಹೊಸದಿರಲು ಸಾಧ್ಯವೇ ಇಲ್ಲ. 1968ರ ಕೊನೆಯ ಪಾಟ್ ಇರುವ ಈ ಚಾಸಿ ಸಿಲ್ವರ್‌ಫೇಸ್ ಕಾಲದ್ದು. ಅದಕ್ಕೆ ಕಪ್ಪು ಪ್ಯಾನೆಲ್ ತೊಡಿಸಿ 65ರ ಪೆಟ್ಟಿಗೆಗೆ ತುರುಕಿದ್ದಾರೆ. ಆರನೇ ಪಾಟ್ ಒರೆಸಿದಾಗ ಆದ ಅವಮಾನ ಇನ್ನೂ ಮರೆತಿಲ್ಲ.

ಸಿಲ್ವರ್‌ಫೇಸ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಒಳ್ಳೆಯ ಆಂಪ್, ಸಿಲ್ವರ್‌ಫೇಸ್ ಅಂತಲೇ ಮಾರಿದ್ದರೆ ಅದರ ಬೆಲೆಗೆ ಸಂತೋಷವಾಗಿ ಕೊಳ್ಳಬಹುದಿತ್ತು. ಬ್ಲಾಕ್‌ಫೇಸ್ ಬೆಲೆ ಕಿತ್ತುಕೊಂಡದ್ದಕ್ಕೆ ಹೊಟ್ಟೆ ಉರಿಯುತ್ತಿರುವುದು.

ಪಾಟ್‌ಗಳ ಚಿತ್ರವನ್ನು ಮಾರಿದವನಿಗೆ ಕಳಿಸಿದೆ. ಮೊದಲ ಉತ್ತರ: “ಸರ್ವೀಸ್‌ನಲ್ಲಿ ಬದಲಾಯಿಸಿರ್ತಾರೆ ಸರ್.” ಆರೂ ಒಂದೇ ವಾರದ್ದಾ, ಬೆಸುಗೆ ಮುಟ್ಟದೇನಾ, ಅಂತ ಕೇಳಿದೆ. ಎರಡು ದಿನ ಮೌನ. ಆಮೇಲೆ ಬಂದದ್ದು ಇದು, ಅಕ್ಷರಕ್ಷರ ಹೀಗೇ: “ಪೆಟ್ಟಿಗೆ 65ರದ್ದೇ ಅಲ್ವಾ ಸರ್? ನಾನು 65 ಅಂದದ್ದು ಅದಕ್ಕೇ. ಒಳಗಿಂದು ನೀವು ಕೇಳಲಿಲ್ಲ.”

ಕೇಳಲಿಲ್ಲವಂತೆ. ಮೂರು ಸಲ ಕೇಳಿದ್ದೆ!

ಇನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಆ ಹೆಡ್‌ನಲ್ಲಿ ಇರಬೇಕಾದದ್ದು 125ಎ13ಎ ಅಂತ ಮುದ್ರೆ ಇರುವ ಕಬ್ಬಿಣ, ಜೊತೆಗೆ 606ರಿಂದ ಶುರುವಾಗುವ, ತಯಾರಕ ಷೂಮಾಕರ್ ಕಂಪನಿಯ ಕೋಡ್. ಇದರಲ್ಲಿ ಮುದ್ರೆ ಇರಬೇಕಾದ ಜಾಗಕ್ಕೆ ಹೊಸ ಕಪ್ಪು ಬಣ್ಣ ಬಳಿದಿದ್ದರು. ತಂತಿಗಳ ಬೆಸುಗೆ ಫಳಫಳ ಹೊಳೆಯುತ್ತಿತ್ತು, ಎರಡು ತಂತಿಗೆ ಮಧ್ಯದಲ್ಲಿ ಜೋಡಣೆ ಹಾಕಿ ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿದ್ದರು.

ಮುದ್ರೆ ಅಳಿಸಿದರೇನು, ಸುತ್ತುಗಳ ಲೆಕ್ಕ ಅಳಿಸಲಾಗದು. ವಾಲ್ವ್‌ಗಳನ್ನು ಕಿತ್ತು, ಸ್ಪೀಕರ್ ಬಿಡಿಸಿ, ಸೆಕೆಂಡರಿಗೆ (ಸ್ಪೀಕರ್ ಕಡೆಯ ಸುತ್ತಿಗೆ) ಸರಿಯಾಗಿ 1 ವೋಲ್ಟ್ ಎಸಿ ಕೊಡಿ, ಜಾಸ್ತಿ ಬೇಡ. ಎರಡು ಪವರ್ ವಾಲ್ವ್ ಸಾಕೆಟ್‌ಗಳ ಪ್ಲೇಟ್ ಪಿನ್ ನಡುವೆ, ಅಂದರೆ 3ನೇ ಪಿನ್‌ನಿಂದ 3ನೇ ಪಿನ್‌ಗೆ, ವೋಲ್ಟೇಜ್ ಅಳೆಯಿರಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಸ್ಪೀಕರ್ ಇಂಪೀಡೆನ್ಸ್ 4 ಓಮ್‌ನಿಂದ ಇನ್ನೊಮ್ಮೆ ಗುಣಿಸಿ. ಇಂಥ ಹೆಡ್‌ನಲ್ಲಿ ಒಂದು ಜೋಡಿ 6ಎಲ್6ಜಿಸಿಗೆ 4000 ಓಮ್ ಆಸುಪಾಸು ಬರಬೇಕು, ಅಂದರೆ ಮೀಟರ್‌ನಲ್ಲಿ 32 ವೋಲ್ಟ್ ಹತ್ತಿರ. ಇಲ್ಲಿ ಬಂದದ್ದು 41 ವೋಲ್ಟ್. 41ನ್ನು 41ರಿಂದ ಗುಣಿಸಿ 4ರಿಂದ ಗುಣಿಸಿದರೆ 6700 ದಾಟುತ್ತದೆ. ಗಾತ್ರದಲ್ಲೂ ಚಿಕ್ಕದು, ಇನ್ನೂ ಕಡಿಮೆ ವಾಟ್‌ನ ಗಿಟಾರ್ ಆಂಪ್‌ಗೆ ಮಾಡಿದ್ದು.

ಗಿಟಾರ್‌ಗೆ ಇದು ಹೇಗೋ ನಡೆಯುತ್ತದೆ, ಬೇಸ್‌ಗೆ ನಡೆಯುವುದಿಲ್ಲ. ನಾಲ್ಕು ತಂತಿಯ ಬೇಸ್‌ನ ಕೆಳಗಿನ ಇ ತಂತಿ 41 ಹರ್ಟ್ಜ್. ಸಣ್ಣ ಕಬ್ಬಿಣ ಆ ಆವರ್ತನದಲ್ಲಿ ಬೇಗ ಸ್ಯಾಚುರೇಟ್ ಆಗುತ್ತದೆ, ಅಂದರೆ ಇನ್ನಷ್ಟು ಕಾಂತಶಕ್ತಿ ಹೊರಲಾಗದೆ ತುಂಬಿಹೋಗುತ್ತದೆ. ಮೇಲಿನ ತಂತಿಗಳು ಚೆನ್ನಾಗಿ ಕೇಳುತ್ತವೆ, ಇ ತಂತಿ ಮೀಟಿದರೆ ಸ್ವರ ಒದ್ದೆ ಹಲಗೆಗೆ ಹೊಡೆದ ಹಾಗೆ ಮಬ್ಬಾಗಿ ಕುಸಿಯುತ್ತದೆ. ಅವನು ಕಳಿಸಿದ್ದ ವಿಡಿಯೋದಲ್ಲಿ ನುಡಿಸಿದ್ದು ಪೂರ್ತಿ ಮೇಲಿನ ಎರಡು ತಂತಿಗಳಲ್ಲಿ. ಅದು ಫೋನಿನ ಸ್ಪೀಕರ್‌ನಲ್ಲಿ ಗೊತ್ತಾಗಲಿಲ್ಲ, ಈಗ ಮತ್ತೆ ನೋಡಿದರೆ ಗೊತ್ತಾಗುತ್ತದೆ. ಇ ತಂತಿಯನ್ನು ಒಮ್ಮೆಯೂ ಮುಟ್ಟಿಲ್ಲ.

ಟ್ರಾನ್ಸ್‌ಫಾರ್ಮರ್ ಬಗ್ಗೆ ಅವನ ಉತ್ತರ: “ಸೌಂಡ್ ಬರ್ತಿದೆ ತಾನೆ?”

ಸ್ಪೀಕರ್ ಕಥೆ ಇನ್ನೂ ಕೊಳಕು. ಎರಡರ ಚೌಕಟ್ಟಿನ ಮೇಲೂ 465 ಇದೆ, ಅದು ಆಕ್ಸ್‌ಫರ್ಡ್ ಕೋಡ್, ಚೌಕಟ್ಟು ಅಸಲಿ. ಒಳಗಿನ ಕೋನ್, ಕಾಯಿಲ್ ಎಲ್ಲಾ ಹೊಸದು. ಡಸ್ಟ್‌ಕ್ಯಾಪ್ ಸುತ್ತ ಅಂಟು ಇನ್ನೂ ಬೆಳ್ಳಗೆ ಹೊಳೆಯುತ್ತಿದೆ, ಐವತ್ತು ವರ್ಷ ದಾಟಿದ ಕಾಗದದ ಕೋನ್ ಕಂದಾಗದೆ ಇರುತ್ತದೆಯೇ? ರೀಕೋನ್ ಮಾಡಿಸುವುದು ತಪ್ಪಲ್ಲ, ಮಾಡಿಸಿದ್ದೇನೆ ಅಂತ ಹೇಳಬೇಕು. ಮೀಟರ್ ಇಟ್ಟರೆ ಒಂದು 6.3 ಓಮ್, ಇನ್ನೊಂದು 12.7. ಅಂದರೆ ಒಂದು 8 ಓಮ್‌ನದು, ಇನ್ನೊಂದಕ್ಕೆ 16 ಓಮ್ ಕಾಯಿಲ್ ಹಾಕಿದ್ದಾರೆ. ಎರಡು 8 ಓಮ್ ಪ್ಯಾರಲಲ್ ಇದ್ದರೆ ಜ್ಯಾಕ್‌ನಲ್ಲಿ 3.1 ಓಮ್ ಹತ್ತಿರ ತೋರಿಸಬೇಕು, ಇದು 4.2 ತೋರಿಸುತ್ತಿತ್ತು. ಹೀಗಾದಾಗ ಪವರ್‌ನ ಮೂರರಲ್ಲಿ ಎರಡು ಪಾಲು 8 ಓಮ್ ಸ್ಪೀಕರ್‌ಗೇ ಹೋಗುತ್ತದೆ. ಜೋರಾಗಿ ನುಡಿಸಿದರೆ ಮೊದಲು ಸುಡುವುದು ಅದೇ.

ಅಷ್ಟೇ ಅಲ್ಲ, ಒಂದರ ತಂತಿ ಅದಲುಬದಲು. 1.5 ವೋಲ್ಟ್ ಬ್ಯಾಟರಿಯನ್ನು ಕ್ಯಾಬಿನೆಟ್ ಜ್ಯಾಕ್‌ಗೆ ಒಂದು ಕ್ಷಣ ಮುಟ್ಟಿಸಿ ನೋಡಿ, ಎರಡೂ ಕೋನ್ ಒಂದೇ ದಿಕ್ಕಿಗೆ ಹಾರಬೇಕು. ಇಲ್ಲಿ ಒಂದು ಹೊರಗೆ, ಒಂದು ಒಳಗೆ. ಬೇಸ್ ಪೂರ್ತಿ ಒಂದನ್ನೊಂದು ನುಂಗಿಹಾಕುತ್ತದೆ. (ಜೆಬಿಎಲ್‌ನ ಹಳೇ ಡಿ130ಎಫ್, ಡಿ140ಎಫ್ ಇದ್ದರೆ ಜ್ಞಾಪಕ ಇಡಿ: ಅವುಗಳಲ್ಲಿ ಕೆಂಪು ಟರ್ಮಿನಲ್‌ಗೆ ಪ್ಲಸ್ ಕೊಟ್ಟರೆ ಕೋನ್ ಒಳಕ್ಕೆ ಹೋಗುತ್ತದೆ. ಅದು ದೋಷವಲ್ಲ, ಆದರೆ ಬೇರೆ ಕಂಪನಿಯ ಸ್ಪೀಕರ್ ಜೊತೆ ಸೇರಿಸುವಾಗ ತಂತಿ ತಿರುಗಿಸಬೇಕು.)

ವಾಲ್ವ್ ಬಗ್ಗೆ. ಮ್ಯಾಚ್ಡ್ ಪೇರ್ ಅಂದವನ 6ಎಲ್6ಜಿಸಿಗಳು, ಕ್ಯಾಥೋಡ್‌ಗೆ 1 ಓಮ್ ರೆಸಿಸ್ಟರ್ ಹಾಕಿ ಅಳೆದರೆ ಒಂದು 61 ಮಿಲಿಆಂಪಿಯರ್, ಇನ್ನೊಂದು 34. ಪ್ಲೇಟ್‌ನಲ್ಲಿ 440 ವೋಲ್ಟ್ ಇತ್ತು. 6ಎಲ್6ಜಿಸಿಯ ಮಿತಿ 30 ವಾಟ್, ಅದರ ಶೇಕಡ 70 ಅಂದರೆ 21 ವಾಟ್, 440 ವೋಲ್ಟ್‌ಗೆ 48 ಮಿಲಿಆಂಪಿಯರ್ ಹತ್ತಿರ ಇರಬೇಕು. 61 ಅಂದರೆ ಸುಮ್ಮನೆ ಕೂತಾಗಲೇ 27 ವಾಟ್ ಹತ್ತಿರ ಬೇಯುತ್ತಿದೆ. ಕತ್ತಲಲ್ಲಿ ನೋಡಿದರೆ ಪ್ಲೇಟ್‌ನ ಒಂದು ಅಂಚು ಮಂಕಾಗಿ ಕೆಂಪಾಗುತ್ತಿತ್ತು.

ಮುಲ್ಲಾರ್ಡ್ ಅಂತೂ ಹಸಿ ಸುಳ್ಳು. ಗಾಜಿನ ಮೇಲಿನ ಹೆಸರನ್ನು ನಂಬಬೇಡಿ. ಅಸಲಿ ಹಳೇ ವಾಲ್ವ್‌ನ ಅಚ್ಚೂ ಬೆರಳಿಗೆ ಅಳಿಸುತ್ತದೆ, ನಕಲಿಯದೂ ಅಳಿಸುತ್ತದೆ, ಅದು ಪುರಾವೆಯೇ ಅಲ್ಲ. ಪಿನ್‌ಗಳಿಗೆ ಸ್ವಲ್ಪ ಮೇಲೆ, ಗಾಜಿನ ಬುಡದಲ್ಲಿ, ಆಸಿಡ್‌ನಿಂದ ಕೊರೆದ ಎರಡು ಸಾಲಿನ ಬೂದು ಸಂಕೇತ ಇರಬೇಕು. ಬೆಳಕನ್ನು ಓರೆಯಾಗಿ ಬಿಟ್ಟರೆ ಕಾಣುತ್ತದೆ. ಇಸಿಸಿ83ಗೆ ಮೊದಲ ಸಾಲಿನಲ್ಲಿ ಐ61, ಐ63 ಅಂಥದ್ದು. ಎರಡನೇ ಸಾಲು ‘ಬಿ’ಯಿಂದ ಶುರುವಾದರೆ ಬ್ಲಾಕ್‌ಬರ್ನ್ ಕಾರ್ಖಾನೆ, ಆಮೇಲೆ ವರ್ಷದ ಕೊನೆಯ ಅಂಕಿ, ತಿಂಗಳ ಅಕ್ಷರ, ವಾರದ ಅಂಕಿ. ಈ ವಾಲ್ವ್‌ಗಳ ಬುಡದಲ್ಲಿ ಏನೂ ಇಲ್ಲ, ನುಣ್ಣಗಿನ ಗಾಜು. ಮುಲ್ಲಾರ್ಡ್ ಹೆಸರಿನಲ್ಲಿ ಇಂದಿಗೂ ರಷ್ಯಾದಲ್ಲಿ ಹೊಸ ವಾಲ್ವ್ ತಯಾರಾಗುತ್ತವೆ, ಹೊಸದು ಅಂತಲೇ ಮಾರಿದರೆ ತಕರಾರಿಲ್ಲ. ಅದನ್ನು 60ರ ದಶಕದ್ದು ಅಂತ ಹಳೇ ರಟ್ಟಿನ ಡಬ್ಬಿಗೆ ಹಾಕಿ ಕೊಟ್ಟರೆ?

“ಟೆಸ್ಟರ್‌ನಲ್ಲಿ ಮುಳ್ಳು ಹಸಿರಲ್ಲೇ ನಿಂತಿತ್ತು ಸರ್, ಇನ್ನೇನು ಬೇಕು?” ಅಂದ. ಸಾಮಾನ್ಯ ಎಮಿಷನ್ ಟೆಸ್ಟರ್ ಕಡಿಮೆ ವೋಲ್ಟೇಜ್‌ನಲ್ಲಿ ಪರೀಕ್ಷಿಸುತ್ತದೆ. 440 ವೋಲ್ಟ್‌ನಲ್ಲಿ ವಾಲ್ವ್ ಹೇಗೆ ನಡೆದುಕೊಳ್ಳುತ್ತದೆ ಅಂತ ಆ ಹಸಿರು ಹೇಳುವುದಿಲ್ಲ, ಜೋಡಿ ಹೊಂದುತ್ತದೆಯೇ ಅಂತಲೂ ಹೇಳುವುದಿಲ್ಲ, ಯಾವ ಕಾರ್ಖಾನೆಯದು ಅಂತ ಮೊದಲೇ ಹೇಳುವುದಿಲ್ಲ.

ದುಡ್ಡು ವಾಪಸ್ ಕೇಳಿದಾಗ ಬಂದ ಕೊನೆಯ ಉತ್ತರ: “ನೀವು ಚಾಸಿ ಬಿಚ್ಚಿದೀರಿ, ಈಗ ಅದು ಒರಿಜಿನಲ್ ಅಲ್ಲ. ಬೇಕಾದ್ರೆ ಅರ್ಧ ದುಡ್ಡಿಗೆ ವಾಪಸ್ ತಗೋತೀನಿ.” ಅದಾದ ಮೇಲೆ ನಂಬರ್ ಬ್ಲಾಕ್.

ಆದ್ದರಿಂದ, ಕೊಳ್ಳುವವರು ಆರೂ ಪಾಟ್‌ಗಳ ಬೆನ್ನಿನ ಚಿತ್ರ ಕೇಳಿ. ಎರಡು ಟ್ರಾನ್ಸ್‌ಫಾರ್ಮರ್‌ಗಳ ಮುದ್ರೆ, ಸ್ಪೀಕರ್ ಚೌಕಟ್ಟಿನ ಕೋಡ್, ಜ್ಯಾಕ್‌ನಲ್ಲಿ ಮೀಟರ್ ತೋರಿಸುವ ಓಮ್, ವಾಲ್ವ್ ಬುಡದ ಗಾಜು, ಇವುಗಳದ್ದೂ ಬೇಕು. ಇ ತಂತಿಯನ್ನು ಎಲ್ಲೂ ಒತ್ತದೆ ಮೀಟಿ, ವಾಲ್ಯೂಮ್ ಏರಿಸುತ್ತಾ ವಿಡಿಯೋ ಮಾಡಲು ಹೇಳಿ. ಮೊದಲ ಸಲ ಪವರ್ ಕೊಡುವಾಗ 100 ವಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಸರಣಿಯಲ್ಲಿ ಹಾಕಿ. ‘ಬಿಚ್ಚಿದರೆ ಬೆಲೆ ಹೋಗುತ್ತೆ’ ಅಂದವನ ಜೊತೆ ಮುಂದೆ ಮಾತೇ ಬೇಡ.

ಅದೇ ಮನುಷ್ಯ ಈಗ ಒಂದು ಆಂಪೆಗ್ ಬಿ-15ಎನ್ (ಇನ್ನೊಂದು ಕಂಪನಿಯ ಹಳೇ ವಾಲ್ವ್ ಬೇಸ್ ಆಂಪ್) ಮಾರಾಟಕ್ಕೆ ಇಟ್ಟಿದ್ದಾನೆ. ಅದೇ ‘ಎಲ್ಲಾ ಒರಿಜಿನಲ್, ಯಾರೂ ಬಿಚ್ಚಿಲ್ಲ’. ಚಾಸಿಯ ಒಳಗಿನ ಚಿತ್ರ ಇದರಲ್ಲೂ ಇಲ್ಲ. ಪ್ರೀಆಂಪ್‌ನಲ್ಲಿ ಹಳೇ ದಾಸ್ತಾನಿನ ಮುಲ್ಲಾರ್ಡ್ ಇಸಿಸಿ83 ಇವೆ ಅಂತ ಬರೆದಿದ್ದಾನೆ. ಬಿ-15ಎನ್‌ನ ಪ್ರೀಆಂಪ್‌ನಲ್ಲಿ ಇರುವುದು ಎಂಟು ಪಿನ್ನಿನ 6ಎಸ್ಎಲ್7. ಒಂಬತ್ತು ಪಿನ್ನಿನ ಇಸಿಸಿ83 ಆ ಸಾಕೆಟ್‌ಗೆ ಕೂರುವುದೇ ಇಲ್ಲ.