ಎಫ್‌ಟಿಡಿಎಕ್ಸ್ 101ಡಿ: ಕೋಥರೂಡಿನ ನಾಲ್ಕನೇ ಮಹಡಿಯಿಂದ

ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟ ಕೂಡಲೇ ಮನೆಯಾಕೆ ಕೇಳಿದಳು: "ಏನ್ರೀ, ಇದಕ್ಕ ಬಾಗಲಾ ಯಾ ಕಡೆ ಅದ?" ಮೈಕ್ರೋವೇವ್ ಓವನ್ ಅಂದುಕೊಂಡಿದ್ದಳು. ಅವಳ ತಪ್ಪೇನಿಲ್ಲ. ಸುಮಾರು 12 ಕಿಲೋ ತೂಕ, ಎದುರಿಗೆ 7 ಇಂಚಿನ ಪರದೆ, ಸುತ್ತ ಲೆಕ್ಕವಿಲ್ಲದಷ್ಟು ಗುಂಡಿಗಳು. ಬಾಗಿಲೊಂದೇ ಇಲ್ಲ. ಇದು ಹ್ಯಾಮ್‌ಗಳ, ಅಂದರೆ ರೇಡಿಯೋದಲ್ಲಿ ಪರಸ್ಪರ ಮಾತಾಡುವ ಹವ್ಯಾಸಿಗಳ ಯಂತ್ರ; ಕೇಳುವುದೂ ಕಳಿಸುವುದೂ ಇದರಲ್ಲೇ. ನಾವು 'ರಿಗ್' ಅನ್ನುತ್ತೇವೆ.

ನಾನು ಧಾರವಾಡದವನು. ಚಿಂಚವಾಡದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೆಷಿನ್ ರಿಪೇರಿ ಮಾಡಿ ನಿವೃತ್ತನಾದೆ. ಈಗ ಪುಣೆಯ ಕೋಥರೂಡಿನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟು. ಟೆರೇಸಿನ ಮೇಲೆ 40 ಮೀಟರ್ ಬ್ಯಾಂಡಿಗೊಂದು (7 ಮೆಗಾಹರ್ಟ್ಜ್ ಸುತ್ತಿನ ಪಟ್ಟಿ) ಇನ್ವರ್ಟೆಡ್ ವಿ, ಅಂದರೆ ತಲೆಕೆಳಗಾದ V ಆಕಾರದ ಆಂಟೆನಾ ಕಟ್ಟಿದ್ದೇನೆ, ಒಟ್ಟು 20 ಮೀಟರ್ ತಂತಿ. ಅದು ಮೊಬೈಲ್ ಟವರ್ ಅಲ್ಲ ಅಂತ ಸೊಸೈಟಿಯ ಸೆಕ್ರೆಟರಿಗೆ ತಿಳಿಸಿ ಹೇಳುವುದಕ್ಕೇ ಒಂದು ಮಳೆಗಾಲ ಹಿಡಿಯಿತು.

ರಿಗ್ ಯಾಎಸು ಕಂಪನಿಯದು. ನಮ್ಮ ಕಡೆ ಎಷ್ಟೋ ಹ್ಯಾಮ್‌ಗಳು ಸಲೀಸಾಗಿ 'ಯೇಸು' ಅಂದುಬಿಡುತ್ತಾರೆ, ಕೇಳಿದವರು ಪ್ರಾರ್ಥನೆಯ ವಿಷಯ ಅಂದುಕೊಳ್ಳುತ್ತಾರೆ. 2018ರಲ್ಲಿ ಮೊದಲು ತೋರಿಸಿದ ಮಾದರಿ ಇದು. 101 ಅನ್ನುವುದು 1970ರ ದಶಕದ ಎಫ್‌ಟಿ-101 ರಿಗ್‌ನ ನೆನಪು. ಇದಕ್ಕೆ 200 ವ್ಯಾಟಿನ ಒಬ್ಬ ಅಣ್ಣನಿದ್ದಾನೆ, 101ಎಂಪಿ. ಆ 'ಎಂಪಿ' ಬಂದದ್ದು ಕಂಪನಿ ಕಟ್ಟಿದ ಸಾಕೋ ಹಾಸೆಗಾವಾ ಅವರ ಹ್ಯಾಮ್ ಗುರುತಿನ ಸಂಕೇತ, ಅಂದರೆ ಕಾಲ್‌ಸೈನ್, ಜೆಎ1ಎಂಪಿಯಿಂದ. ನಾನು ತಂದದ್ದು 100 ವ್ಯಾಟಿನ ತಮ್ಮ 101ಡಿಯನ್ನು. ಪವರ್ ಎರಡು ಪಟ್ಟಾದರೆ 3 ಡಿಬಿ (ಡೆಸಿಬೆಲ್) ಜಾಸ್ತಿ, ಅಂದರೆ ಸಿಗ್ನಲ್ಲಿನ ಜೋರು ತೋರಿಸುವ ಕೇಳುವವನ ಮೀಟರಿನಲ್ಲಿ ಅರ್ಧ ಮನೆ, ಅರ್ಧ ಎಸ್-ಯೂನಿಟ್. ಅರ್ಧ ಯೂನಿಟ್ಟಿಗೆ ಅಷ್ಟು ದುಡ್ಡು ನನಗೆ ಒಪ್ಪಲಿಲ್ಲ. ಹಾಗಂತ ಇದೇನು ಅಗ್ಗದ್ದಲ್ಲ. ನಾನು ಕೊಂಡಾಗ ಅಮೆರಿಕದಲ್ಲೇ ಮೂರು ಸಾವಿರ ಡಾಲರ್ ಆಚೀಚೆ ಇತ್ತು. ಆಮದು ಪರವಾನಗಿ, ಕಸ್ಟಮ್ಸ್ ಎಲ್ಲ ಸೇರಿ ಕೈಗೆ ಬರುವಾಗ ಎಷ್ಟಾಯಿತು ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.

ಇಷ್ಟು ದುಡ್ಡು ಸುರಿದರೆ ದೂರದೂರದ ಸಣ್ಣ ದನಿಗಳೆಲ್ಲ ಕೇಳುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ನಾನೂ ತಿಳಿದಿದ್ದೆ. ಊರೊಳಗಿನ ಫ್ಲ್ಯಾಟಿನಲ್ಲಿ ಅದು ಆಗುವ ಮಾತಲ್ಲ. 40 ಮೀಟರಿನಲ್ಲಿ ನನ್ನ ಮನೆಯ ಗದ್ದಲವೇ ಎಸ್7 ಇತ್ತು. ಅದರ ಕೆಳಗಿನ ದನಿ ಹಳೆಯ ರಿಗ್‌ಗೂ ಕೇಳುತ್ತಿರಲಿಲ್ಲ, ಇದಕ್ಕೂ ಕೇಳುವುದಿಲ್ಲ. ಪುಣೆಯಿಂದ ಉತ್ತರಕ್ಕೆ 80 ಕಿಲೋಮೀಟರ್ ದೂರದ ಖೋಡದದಲ್ಲಿ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಇದೆಯಲ್ಲ, 45 ಮೀಟರ್ ಅಗಲದ 30 ಡಿಶ್‌ಗಳು? ಅವರು ಅಷ್ಟು ದೂರ ಹೋದದ್ದು ರೇಡಿಯೋ ಗದ್ದಲ ಕಡಿಮೆ ಇರುವ ಜಾಗ ಹುಡುಕಿಕೊಂಡು. ನನಗೆ ಕೋಥರೂಡೇ ಗತಿ.

ಹಾಗಾದರೆ ಈ ರಿಗ್ ಮಾಡುವುದೇನು? ಜೋರು ದನಿಯ ಪಕ್ಕದಲ್ಲೇ ಇರುವ ಸಣ್ಣ ದನಿಯನ್ನು ಕೇಳಿಸುತ್ತದೆ. ಅದು ಬೇರೆಯದೇ ವಿದ್ಯೆ.

ಒಂದು ಶನಿವಾರದ ಕಥೆ ಹೇಳುತ್ತೇನೆ. ಶಿರಸಿಯಲ್ಲಿ ನನ್ನ ಹಳೆಯ ಗೆಳೆಯನೊಬ್ಬನಿದ್ದಾನೆ. ಅಡಿಕೆ ತೋಟದ ಮನೆ, ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ, ಬ್ಯಾಟರಿ ಮೇಲೆ 10 ವ್ಯಾಟಿನಲ್ಲಿ ಮಾತಾಡುತ್ತಾನೆ. ಬೆಳಿಗ್ಗೆ 7.100 ಮೆಗಾಹರ್ಟ್ಜಿನಲ್ಲಿ ಇಬ್ಬರೂ ಹರಟೆಗೆ ಕೂರುತ್ತೇವೆ. ನನ್ನ ಮನೆಯಿಂದ ಮೂರು ಕಿಲೋಮೀಟರಿನೊಳಗೆ ಇನ್ನೊಬ್ಬ ಹ್ಯಾಮ್ ಇದ್ದಾರೆ, ದೊಡ್ಡ ಆಂಪ್ಲಿಫೈಯರ್ ಇಟ್ಟವರು. ಅವರು 5 ಕಿಲೋಹರ್ಟ್ಜ್ ಮೇಲೆ, 7.105ಕ್ಕೆ ಬಂದು "ಹಲೋ" ಅಂದರೆ ಸಾಕು, ನನ್ನ ಹಳೆಯ ರಿಗ್‌ನಲ್ಲಿ ಶಿರಸಿಯವನ ದನಿ ಬಾವಿಗೆ ಬಿದ್ದ ಕೊಡದ ಹಾಗೆ ಒಳಗೆ ಹೋಗುತ್ತಿತ್ತು. ಅವರು ಉಸಿರು ತೆಗೆದುಕೊಂಡಾಗ ಮತ್ತೆ ಮೇಲೆ ಬರುತ್ತಿತ್ತು. ಇಪ್ಪತ್ತು ನಿಮಿಷ ಹೀಗೇ ಮೇಲೆ ಕೆಳಗೆ ಆದರೆ ತಲೆನೋವು ಬರುತ್ತದೆ.

ಹೊಸ ರಿಗ್‌ನಲ್ಲಿ ಮೊದಲ ಶನಿವಾರ ಅವರು ಬಂದದ್ದು ಪರದೆಯ ಮೇಲೆ ಕಂಡಿತು. ಕಿವಿಗೆ ಗೊತ್ತಾಗಲಿಲ್ಲ. ಶಿರಸಿಯವನು ಕೊಳೆರೋಗ, ಬೋರ್ಡೋ ಮಿಶ್ರಣ ಅಂತ ತನ್ನ ಪಾಡಿಗೆ ಹೇಳುತ್ತಲೇ ಇದ್ದ.

ಇದರ ಗುಟ್ಟು ಬಾಗಿಲಲ್ಲಿದೆ. (ಮನೆಯಾಕೆ ಕೇಳಿದ್ದು ಒಂದು ರೀತಿ ಸರಿಯೇ ಆಯಿತು.) ಈಗಿನ ಬಹಳ ರಿಗ್‌ಗಳು ಆಂಟೆನಾದಿಂದ ಬಂದದ್ದನ್ನೆಲ್ಲ ಹಾಗೇ ಡಿಜಿಟಲ್ ಮಾಡಿ, ಆಮೇಲೆ ಲೆಕ್ಕದಲ್ಲಿ ಸೋಸುತ್ತವೆ. ಮೂರು ಕಿಲೋಮೀಟರ್ ದೂರದ ಆಂಪ್ಲಿಫೈಯರೂ ಶಿರಸಿಯ ಬ್ಯಾಟರಿಯೂ ಒಟ್ಟಿಗೇ ಒಳಗೆ ಬರುತ್ತವೆ, ಜೋರಿನವನು ಜಾಗವನ್ನೆಲ್ಲ ತುಂಬುವ ಭಯ ಇರುತ್ತದೆ. ಇಲ್ಲಿ ಸಿಗ್ನಲ್ಲನ್ನು ಮೊದಲು 9 ಮೆಗಾಹರ್ಟ್ಜ್ ಆಸುಪಾಸಿಗೆ ಬದಲಾಯಿಸಿ, ಕ್ರಿಸ್ಟಲ್‌ನ ರೂಫಿಂಗ್ ಫಿಲ್ಟರ್ ದಾಟಿಸುತ್ತಾರೆ. ಮಾತಿಗೆ 3 ಕಿಲೋಹರ್ಟ್ಜ್ ಅಗಲದ್ದು, ಮೋರ್ಸಿಗೆ 600 ಹರ್ಟ್ಜಿನದು. ಅದನ್ನು ದಾಟಿದವರು ಮಾತ್ರ ಡಿಜಿಟಲ್ ಆಗುತ್ತಾರೆ. 5 ಕಿಲೋಹರ್ಟ್ಜ್ ಆಚೆ ಇರುವವರು ಬಾಗಿಲಲ್ಲೇ ಉಳಿಯುತ್ತಾರೆ. ಬ್ಯಾಂಡನ್ನು ಚಿತ್ರವಾಗಿ ತೋರಿಸುವ ಪರದೆಯ ಸ್ಕೋಪಿಗೆ ಮಾತ್ರ ಬೇರೆ ದಾರಿ, ಅಲ್ಲಿ ಎಲ್ಲವೂ ನೇರವಾಗಿ ಡಿಜಿಟಲ್. ಅದಕ್ಕೇ ಅವರು ಕಣ್ಣಿಗೆ ಕಂಡರು, ಕಿವಿಗೆ ಕಾಡಲಿಲ್ಲ. 300 ಹರ್ಟ್ಜಿನ ಫಿಲ್ಟರ್ ಬೇಕೆಂದರೆ ಡಿ ಮಾದರಿಗೆ ಬೇರೆ ದುಡ್ಡು ಕೊಡಬೇಕು. ನಾನು ಹಾಕಿಸಿಲ್ಲ.

ಇನ್ನೊಂದು ವಿಷಯ, ರಿಗ್ಗಿನ ಒಳಗಿನ ಆಸಿಲೇಟರ್, ಸಿಗ್ನಲ್ಲನ್ನು ಬದಲಾಯಿಸಲು ಅದರ ಜೊತೆ ಬೆರೆಸುವ ಅಲೆಯನ್ನು ಹುಟ್ಟಿಸುವ ಭಾಗ. ಅದಕ್ಕೇ ಸ್ವಂತ ಸದ್ದಿದ್ದರೆ ಪಕ್ಕದವನ ಜೋರು ಸಿಗ್ನಲ್ ಅದರ ಜೊತೆ ಬೆರೆತು ನಮ್ಮ ಕಿವಿಯಲ್ಲಿ 'ಸ್ಸ್' ಅಂತ ಹರಡುತ್ತದೆ. ಫಿಲ್ಟರ್ ಎಷ್ಟು ಚೆನ್ನಾಗಿದ್ದರೂ ಇದನ್ನು ತಡೆಯುವುದಿಲ್ಲ. ಕನ್ನಡಕಕ್ಕೆ ಎಣ್ಣೆ ಬೆರಳು ತಾಗಿದ್ದರೆ ಎದುರಿನ ಗಾಡಿಯ ಹೆಡ್‌ಲೈಟ್ ಕಣ್ಣಿಗೆಲ್ಲ ಹರಡುತ್ತದಲ್ಲ, ಹಾಗೆ. ಇದರ ಆಸಿಲೇಟರ್ ಬಹಳ ಶುದ್ಧ. 2 ಕಿಲೋಹರ್ಟ್ಜ್ ಅಂತರದಲ್ಲಿ ಆರ್‌ಎಂಡಿಆರ್ (ಈ ಶುದ್ಧತೆಯ ಅಳತೆ) 123 ಡಿಬಿಗೂ ಮೇಲೆ ಅಂತ ಕಂಪನಿ ಹೇಳುತ್ತದೆ. ಕಂಪನಿಯ ಮಾತು ಬಿಡಿ, ರಿಸೀವರ್‌ಗಳನ್ನು ತಾವೇ ಅಳೆದು ಪಟ್ಟಿ ಮಾಡುವ ಅಮೆರಿಕದ ರಾಬ್ ಶೇರ್‌ವುಡ್ ಅವರೂ ಇದರ ಡೈನಮಿಕ್ ರೇಂಜ್‌ಗೆ (ಜೋರು ದನಿಗೂ ಅದರ ಪಕ್ಕ ಕೇಳಬಲ್ಲ ಸಣ್ಣ ದನಿಗೂ ಇರುವ ಅಂತರಕ್ಕೆ) 2 ಕಿಲೋಹರ್ಟ್ಜ್ ಅಂತರದಲ್ಲಿ 110 ಡಿಬಿ ಕೊಟ್ಟಿದ್ದಾರೆ. 110 ಡಿಬಿ ಅಂದರೆ ಪವರಿನ ಲೆಕ್ಕದಲ್ಲಿ ಹತ್ತು ಸಾವಿರ ಕೋಟಿ ಪಟ್ಟು. ಲಕ್ಷ್ಮೀ ರೋಡಿನ ಗಣಪತಿ ವಿಸರ್ಜನೆಯ ದಿನ ಢೋಲ್-ತಾಶಾ ಪಕ್ಕದಲ್ಲೇ ನಿಂತು ಹೆಂಡತಿ ಕಿವಿಯಲ್ಲಿ ಹೇಳಿದ್ದನ್ನು ಕೇಳಿಸಿಕೊಂಡ ಹಾಗೆ. ನನಗೆ ಅದು ಇವತ್ತಿಗೂ ಸಾಧ್ಯವಾಗಿಲ್ಲ.

ವಿಸಿ-ಟ್ಯೂನ್ ಅನ್ನುವ ಪ್ರೀಸೆಲೆಕ್ಟರ್ (ಆಂಟೆನಾದಿಂದ ಬಂದದ್ದನ್ನು ಮೊದಲಿಗೇ ಸೋಸುವ ಜರಡಿ) ಬಗ್ಗೆ ಕಂಪನಿಗೆ ಬಹಳ ಹೆಮ್ಮೆ. ಒಳಗೆ ನಿಜವಾದ ವೇರಿಯಬಲ್ ಕೆಪಾಸಿಟರ್, ಅದನ್ನು ಪುಟ್ಟ ಮೋಟಾರು ತಿರುಗಿಸುತ್ತದೆ. ಗುಂಡಿ ಒತ್ತಿದರೆ ಸಣ್ಣಗೆ 'ಗುರ್ರ್' ಅನ್ನುತ್ತದೆ. ಮೆಷಿನ್ ರಿಪೇರಿ ಮಾಡಿದ ಕಿವಿಗೆ ಆ ಸದ್ದು ಹಿತ. ಆದರೆ ಶಿರಸಿಯ ಪ್ರಕರಣಕ್ಕೆ ಇದು ಕೆಲಸಕ್ಕೆ ಬರುವುದಿಲ್ಲ, 5 ಕಿಲೋಹರ್ಟ್ಜ್ ಇದಕ್ಕೆ ತೀರಾ ಹತ್ತಿರ. ಇದರ ಕೆಲಸ ಸಂಜೆ ಮೇಲೆ, 7.200 ದಾಟಿದ ಕೂಡಲೇ ಸಾಲಾಗಿ ನಿಂತಿರುವ ಶಾರ್ಟ್‌ವೇವ್ ಸ್ಟೇಷನ್‌ಗಳನ್ನು ದೂರ ಇಡುವುದು. ರಿಗ್ಗಿನಲ್ಲಿ ಮೇನ್, ಸಬ್ ಅಂತ ಎರಡು ರಿಸೀವರ್; ಡಿ ಮಾದರಿಯಲ್ಲಿ ಇದು ಮೇನ್‌ಗೆ ಮಾತ್ರ ಬರುತ್ತದೆ, ಸಬ್‌ಗೆ ಬೇಕೆಂದರೆ ಬೇರೆ ಕೊಳ್ಳಬೇಕು. ನನ್ನ ಪುಟ್ಟ ತಂತಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಆಂಟೆನಾ ಇದ್ದವರಿಗೆ ಕಂಡೀತು.

ಪರದೆಗೆ 3ಡಿಎಸ್‌ಎಸ್ ಅಂತ ಹೆಸರು. ಸಿಗ್ನಲ್‌ಗಳು ಬೆಟ್ಟಸಾಲಿನ ಹಾಗೆ ಎದ್ದು ನಿಧಾನಕ್ಕೆ ಹಿಂದೆ ಸರಿಯುತ್ತವೆ. ನೋಡಲು ಚಂದ, ಉಪಯೋಗ ಏನು ಅಂತ ಮೊದಲು ನಗಾಡಿದ್ದೆ. ಒಂದು ವಾರ ನೋಡಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. 40 ಮೀಟರಿನಲ್ಲಿ ಸಮ ಅಂತರದಲ್ಲಿ ಒಂದೇ ಆಕಾರದ ಗುಡ್ಡಗಳು, ದಿನಾ ಸಂಜೆ ಏಳಕ್ಕೆ ಹುಟ್ಟುತ್ತವೆ, ರಾತ್ರಿ ಹತ್ತಕ್ಕೆ ಸಾಯುತ್ತವೆ. ಮನುಷ್ಯನ ದನಿ ಹೀಗಿರುವುದಿಲ್ಲ, ಅಲ್ವಾ? ಕೈ ರೇಡಿಯೋ ಹಿಡಿದು ಮೆಟ್ಟಿಲು ಇಳಿದೆ. ಎರಡನೇ ಮಹಡಿಯ ಆಜಿಯ ಬಾಗಿಲಲ್ಲಿ ರೇಡಿಯೋ ಕಿರುಚಿತು. ದೇವರ ಮನೆಯ ಎಲ್‌ಇಡಿ ಸರ, ಅದರ ಅಡಾಪ್ಟರು. ಮರುದಿನ ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋಗಿ 250 ರೂಪಾಯಿಗೆ ಒಳ್ಳೆಯ ಅಡಾಪ್ಟರ್ ತಂದು ಹಾಕಿಕೊಟ್ಟೆ. ಎಸ್7 ಇದ್ದ ಗದ್ದಲ ಎಸ್4ಕ್ಕೆ ಇಳಿಯಿತು. 18 ಡಿಬಿ! ಈ ರಿಗ್ಗಿನ ಯಾವ ಗುಂಡಿಯೂ ನನಗೆ ಅಷ್ಟು ಕೊಟ್ಟಿಲ್ಲ. ಆದರೆ ಆ ಗುಡ್ಡಗಳನ್ನು ತೋರಿಸಿದ್ದು ಇದೇ ಪರದೆ, ಅದನ್ನೂ ಹೇಳಬೇಕು. ಗದ್ದಲ ತಗ್ಗಿಸುವ ಡಿಎನ್‌ಆರ್‌ನಲ್ಲಿ 15 ಮಟ್ಟಗಳಿವೆ. ಐದಾರು ದಾಟಿದರೆ ಶಿರಸಿಯವನು ನೀರೊಳಗಿಂದ ಮಾತಾಡಿದ ಹಾಗೆ ಕೇಳುತ್ತಾನೆ.

ಇನ್ನು ಟ್ರಾನ್ಸ್‌ಮಿಟರ್. ಆ ಆಂಪ್ಲಿಫೈಯರ್‌ನವರ ಕಥೆ ಮುಗಿದಿಲ್ಲ. ಎರಡನೇ ಶನಿವಾರ ಅವರು ಮತ್ತೆ ಬಂದರು, ಈ ಸಲ ಶಿರಸಿಯವನ ಮೇಲೆ ಪಟಪಟ ಅಂತ ಚೂರುಗಳು ಸಿಡಿದವು. ರೂಫಿಂಗ್ ಫಿಲ್ಟರ್ ಇದ್ದರೂ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಅವರ ಆಂಪ್ಲಿಫೈಯರ್ ಮಿತಿಮೀರಿ ಓಡಿ ಅವರ ದನಿಯೇ 7.100ಕ್ಕೆ ಬಂದು ಬೀಳುತ್ತಿತ್ತು. ನಮ್ಮ ಫ್ರೀಕ್ವೆನ್ಸಿಯಲ್ಲೇ ಬಿದ್ದ ಕಸವನ್ನು ಯಾವ ರಿಸೀವರೂ ಗುಡಿಸಲಾರದು. ಫೋನ್ ಮಾಡಿ ಹೇಳಿದೆ. ಪಾಪ, ತಕ್ಷಣ ಡ್ರೈವ್, ಅಂದರೆ ಆಂಪ್ಲಿಫೈಯರಿಗೆ ಕೊಡುವ ಪವರ್, ಇಳಿಸಿದರು. ಹತ್ತು ನಿಮಿಷ ಬಿಟ್ಟು ವಾಪಸ್ ಫೋನ್ ಮಾಡಿ, "ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ" ಅಂದರು.

ನೋಡಿಕೊಂಡೆ. ಟ್ರಾನ್ಸ್‌ಮಿಟರ್ ಮಿತಿಮೀರುವುದನ್ನು ತೋರಿಸುವ ಎಎಲ್‌ಸಿ ಮುಳ್ಳು ಕೊನೆಗೆ ಬಡಿಯುತ್ತಿತ್ತು. ಮೈಕ್ ಗೇನ್, ದನಿಗೆ ಒತ್ತು ಕೊಡುವ ಪ್ರೊಸೆಸರ್ ಎರಡನ್ನೂ ನಾನೇ ಜಾಸ್ತಿ ಇಟ್ಟಿದ್ದೆ. ಎಎಂಸಿ ಅಂತ ಒಂದಿದೆ, ದನಿ ಏರಿದರೆ ಮೈಕನ್ನು ತಾನೇ ತಗ್ಗಿಸುತ್ತದೆ. ಅದನ್ನು ಸರಿಯಾಗಿ ಹೊಂದಿಸಿದ ಮೇಲೆ ಮುಳ್ಳು ಗೆರೆಯೊಳಗೆ ಕುಳಿತಿತು. ಆಮೇಲೆ ಮೂರು ಹಂತದ ಪ್ಯಾರಾಮೆಟ್ರಿಕ್ ಈಕ್ವಲೈಸರ್. ನನ್ನದು ದಪ್ಪ ದನಿ. ಮೊದಲ ದಿನ ಶಿರಸಿಯವನು, "ಎಂತ ಮಾರಾಯ, ಹಂಡೆಯೊಳಗೆ ಕೂತು ಮಾತಾಡ್ತಿದ್ಯಾ?" ಅಂದಿದ್ದ. ಕೆಳಗಿನ ದನಿ ಇಳಿಸಿ, 2 ಕಿಲೋಹರ್ಟ್ಜ್ ಸುತ್ತ ಸ್ವಲ್ಪ ಏರಿಸಿ, ಟ್ರಾನ್ಸ್‌ಮಿಟ್ ಅಗಲವನ್ನು 300ರಿಂದ 2700 ಹರ್ಟ್ಜಿಗೆ ಇಟ್ಟೆ. ಮಾನಿಟರ್ ಒತ್ತಿ ಹೆಡ್‌ಫೋನಿನಲ್ಲಿ ನನ್ನ ದನಿ ನಾನೇ ಕೇಳುತ್ತಾ ಅರ್ಧ ಗಂಟೆ ಕೂತೆ. ಒಳಗಿನಿಂದ ಮನೆಯಾಕೆ, "ಯಾರ ಕೂಡ ಮಾತಾಡ್ಲಿಕತ್ತೀರಿ?" ಅಂದಳು. "ನನ್ನ ಕೂಡೇ" ಅಂದೆ.

ಪವರ್ ಸಪ್ಲೈ ಒಳಗಿಲ್ಲ. 13.8 ವೋಲ್ಟಿನಲ್ಲಿ 23 ಆಂಪಿಯರ್ ಎಳೆಯುತ್ತದೆ, 30 ಆಂಪಿಯರಿನದು ಬೇಕು. ನಾನು ಅಗ್ಗ ಅಂತ ತಂದ ಸಪ್ಲೈ ತಾನೇ ಒಂದು ಟ್ರಾನ್ಸ್‌ಮಿಟರ್ ಆಗಿತ್ತು, ಬ್ಯಾಂಡಿನ ತುಂಬ ಹೊಸ ಗುಡ್ಡಗಳು. ಈಗ ಅಟ್ಟದ ಮೇಲಿದ್ದ ಹಳೆಯ ಟ್ರಾನ್ಸ್‌ಫಾರ್ಮರ್ ಸಪ್ಲೈ ಇಳಿಸಿದ್ದೇನೆ. ಎತ್ತಿದರೆ ಸೊಂಟ ಹಿಡಿಯುತ್ತದೆ, ಆದರೆ ಸುಮ್ಮನಿರುತ್ತದೆ. ಆಂಟೆನಾವನ್ನು ರಿಗ್ಗಿಗೆ ಹೊಂದಿಸುವ ಒಳಗಿನ ಟ್ಯೂನರ್, ಹೊಂದಾಣಿಕೆ ಎಷ್ಟು ತಪ್ಪಿದೆ ಅನ್ನುವ ಎಸ್‌ಡಬ್ಲ್ಯುಆರ್ 3:1 ಆಗುವವರೆಗೆ ಮಾತ್ರ. ಸಿಕ್ಕ ತಂತಿಗೆಲ್ಲ ಹಾಕುವ ಆಸೆ ಬೇಡ.

ಎರಡು ರಿಸೀವರ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. 2023ರ ಫೆಬ್ರವರಿಯಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ಬೂವೆ ದ್ವೀಪದಿಂದ 3ವೈ0ಜೆ ಅನ್ನುವ ಹ್ಯಾಮ್ ತಂಡ ಮಾತಾಡಿತು. ಹಿಮದ ದ್ವೀಪ, ಅಲ್ಲಿ ಯಾರೂ ವಾಸವಿಲ್ಲ. ಅವರು ಒಂದು ಕಡೆ ಕಳಿಸಿ, ಕೆಲವು ಕಿಲೋಹರ್ಟ್ಜ್ ಮೇಲೆ ಕೇಳುತ್ತಾರೆ. ಎಡಗಿವಿಯಲ್ಲಿ ಅವರು, ಬಲಗಿವಿಯಲ್ಲಿ ಅವರನ್ನು ಕರೆಯುವವರ ಗುಂಪು, ಅಂದರೆ ಪೈಲ್‌ಅಪ್. ಈಗ ಯಾರಿಗೆ ಉತ್ತರ ಸಿಕ್ಕಿತು, ಅವನು ಎಲ್ಲಿದ್ದ, ಮುಂದಿನದು ಎಲ್ಲಿ ಕೇಳುತ್ತಾರೆ, ಎಲ್ಲ ಒಟ್ಟಿಗೇ ಗೊತ್ತಾಗುತ್ತದೆ. ವಿಸಿ-ಟ್ಯೂನ್ ಒಂದು ಬಿಟ್ಟರೆ ಎರಡೂ ರಿಸೀವರ್ ಒಂದೇ ದರ್ಜೆಯವು, ಸಬ್ ಅಂತ ಕಳಪೆ ಮಾಡಿಲ್ಲ. ಮೂರು ರಾತ್ರಿ ಕೂತೆ. ಬೂವೆಯ ಮೋರ್ಸ್ ತೆಳ್ಳಗೆ, ಸ್ಪಷ್ಟವಾಗಿ ಕೇಳಿತು. ನನ್ನ ಕರೆ ಅವರಿಗೆ ಕೇಳಲಿಲ್ಲ. 20 ಮೀಟರ್ ತಂತಿಗೆ ಈ ರಿಗ್ ರೆಕ್ಕೆ ಕಟ್ಟುವುದಿಲ್ಲ.

ನನ್ನ ದೂರು ಒಂದೇ, ಅದರಲ್ಲಿ ಅರ್ಧ ನನ್ನ ವಯಸ್ಸಿನದ್ದು. ದಿನಾ ಬೇಕಾಗುವುದಕ್ಕೆಲ್ಲ ಗುಂಡಿ ಇದೆ, ಉಳಿದದ್ದೆಲ್ಲ ಪರದೆಯ ಮೆನುವಿನೊಳಗೆ. ನನ್ನ ದಪ್ಪ ಹೆಬ್ಬೆರಳು ಒಂದು ಚೌಕ ಮುಟ್ಟಲು ಹೋಗಿ ಪಕ್ಕದ್ದನ್ನು ಮುಟ್ಟುತ್ತದೆ. ಈಗ ಹಳೆಯ ಪೆನ್ನಿನ ಹಿಂಬದಿ ಬಳಸುತ್ತೇನೆ.

ಈ ರಿಗ್ 30 ಕಿಲೋಹರ್ಟ್ಜಿನಿಂದಲೇ ಕೇಳುತ್ತದೆ. ಪುಣೆ ಆಕಾಶವಾಣಿ 792 ಕಿಲೋಹರ್ಟ್ಜಿನಲ್ಲಿ, ಇದೇ ಊರಿನ ದನಿ, ಹಾಗಾಗಿ ಬಲು ಜೋರು. ಅದರಿಂದ ಬರೀ 27 ಕಿಲೋಹರ್ಟ್ಜ್ ಕೆಳಗೆ, 765ರಲ್ಲಿ, ನಮ್ಮ ಧಾರವಾಡ. ಒಂದು ಚಳಿಗಾಲದ ಸಂಜೆ, ಹೊತ್ತು ಮುಳುಗಿದ ಮೇಲೆ ಸುಮ್ನೆ ತಿರುಗಿಸಿದೆ. ಪುಣೆ ಆಚೆ ಸರಿಯಿತು. ಕಡಲೆ ಬೆಳೆಗೆ ಬೀಳುವ ಕಾಯಿಕೊರಕದ ಬಗ್ಗೆ ಯಾರೋ ಶುದ್ಧ ಧಾರವಾಡದ ದನಿಯಲ್ಲಿ ಹೇಳುತ್ತಿದ್ದರು. ಮನೆಯಾಕೆ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಬಂದು ಬಾಗಿಲಲ್ಲಿ ನಿಂತಳು. ಐದು ನಿಮಿಷ ಕೇಳಿದಳು.

"ನಮ್ಮಪ್ಪನ ಟ್ರಾನ್ಸಿಸ್ಟರ್ ಒಂಚೂರು ಹೊಳ್ಳಿಸಿಟ್ರ ಒಂದು ಸ್ಟೇಷನ್ ಹೋಗಿ ಇನ್ನೊಂದು ಬರ್ತಿತ್ತು" ಅಂದಳು. "ಅದಕ್ಕೆಷ್ಟು ಕೊಟ್ಟಿದ್ರೋ ಏನೋ. ಇದಕ್ಕೆಷ್ಟು ಕೊಟ್ರಿ?"

ನಾನು ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿದೆ.